ಪ್ರಶ್ನೋತ್ತರ: ಒಂದು ಕಾಸೂ ತಗೊಳ್ಳದೆ ಕಾಗದ ಒಯ್ದ ಅಜ್ಜನಿಗೆ ದಂಡ ಯಾಕೆ ಬಿತ್ತು?

ಪ್ರಶ್ನೆ:

ನಮಸ್ಕಾರ ಸರ್. ನೀವು ಅಂಚೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು, ಇಲಾಖೆ ಪರೀಕ್ಷೆಗೆ ಕೂರುವವರಿಗೆ ಕಾಯ್ದೆ ಪಾಠ ಹೇಳಿದವರು ಅಂತ ಈ ಗುಂಪಿನಲ್ಲಿ ಓದಿದೆ. ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ.

ನಮ್ಮ ತಾಯಿಯ ಅಜ್ಜ 1930ರ ದಶಕದಲ್ಲಿ ಮಂಗಳೂರಿನಿಂದ ಕುಂದಾಪುರದ ಕಡೆ ಹೋಗುವ ಒಂದು ಬಸ್ಸಿನ ಏಜೆಂಟ್ ಆಗಿದ್ದರು. ದಾರಿಯಲ್ಲಿ ಸಿಗುವ ಊರಿನವರು ಅವರ ಕೈಗೆ ಕಾಗದ ಕೊಡುತ್ತಿದ್ದರಂತೆ. ಅಜ್ಜ ಅದನ್ನು ಮುಂದಿನ ಊರಿನಲ್ಲಿ ತಲುಪಿಸುತ್ತಿದ್ದರು. ಒಂದು ಕಾಸೂ ತಗೊಂಡವರಲ್ಲ, ಸುಮ್ನೆ ಉಪಕಾರಕ್ಕೆ ಮಾಡಿದ್ದು. ಆದರೂ ಅವರ ಮೇಲೆ ಕೇಸು ಆಗಿ, ಮಂಗಳೂರಿನ ಕೋರ್ಟಿನಲ್ಲಿ ದಂಡ ಕಟ್ಟಿ ಬಂದರು ಅಂತ ಅಮ್ಮ ಹೇಳುತ್ತಾರೆ. ಮನೆಯಲ್ಲಿ ಕೆಲವರು ‘ಅಜ್ಜ ಏನೋ ಬೇರೆ ತಪ್ಪು ಮಾಡಿರಬೇಕು’ ಅನ್ನುತ್ತಾರೆ. ಇದು ಅಮ್ಮನಿಗೆ ತುಂಬ ನೋವಿನ ವಿಷಯ. ಕಾಗದ ಒಯ್ದದ್ದಕ್ಕೇ ದಂಡ ಹಾಕುವ ಕಾನೂನು ನಿಜವಾಗಿ ಇತ್ತಾ?

ಉತ್ತರ:

ಇತ್ತು ಮೇಡಂ. ದಯವಿಟ್ಟು ಇದನ್ನು ನಿಮ್ಮ ತಾಯಿಗೆ ಓದಿ ಹೇಳಿ. ನಿಮ್ಮ ಅಜ್ಜ ಬೇರೆ ತಪ್ಪು ಮಾಡಿರಬೇಕಾಗಿಲ್ಲ. ನೀವು ಹೇಳಿದ ಅಷ್ಟೇ ಸಾಕು ದಂಡ ಬೀಳುವುದಕ್ಕೆ.

ಕಾನೂನಿನ ಹೆಸರು 1898ರ ಇಂಡಿಯನ್ ಪೋಸ್ಟ್ ಆಫೀಸ್ ಆ್ಯಕ್ಟ್. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತದಲ್ಲಿತ್ತು, ಆದ್ದರಿಂದ ನೇರವಾಗಿ ಅನ್ವಯಿಸುತ್ತಿತ್ತು. ಅದರ 4ನೇ ಸೆಕ್ಷನ್ ಪ್ರಕಾರ ಕಾಗದ ಸಾಗಿಸುವ ಹಕ್ಕು ಸರ್ಕಾರಕ್ಕೆ ಮಾತ್ರ. ಬರೀ ಸಾಗಿಸುವುದಲ್ಲ, ಜನರಿಂದ ಕಾಗದ ತಗೊಳ್ಳುವುದು, ಒಟ್ಟುಮಾಡುವುದು, ಹಂಚುವುದು ಎಲ್ಲವೂ ಸರ್ಕಾರದ್ದೇ. ಮೂರೇ ಮೂರು ವಿನಾಯಿತಿ ಇದ್ದವು. ಊರಿಗೆ ಹೊರಟ ಸ್ನೇಹಿತರ ಕೈಯಲ್ಲಿ ದುಡ್ಡು ಕೊಡದೆ ಕಾಗದ ಕಳಿಸಬಹುದು. ನಿಮ್ಮ ಸ್ವಂತ ವ್ಯವಹಾರದ ಕಾಗದಕ್ಕೆ ಒಬ್ಬ ಆಳನ್ನೇ ಓಡಿಸಬಹುದು. ಸರಕಿನ ಜೊತೆ ಆ ಸರಕಿನ ಬಗ್ಗೆಯೇ ಬರೆದ ಕಾಗದ ಹೋಗಬಹುದು. ಅಷ್ಟೇ.

‘ಹಾಗಾದರೆ ಅಜ್ಜ ಸ್ನೇಹಿತರ ಲೆಕ್ಕಕ್ಕೆ ಬರುವುದಿಲ್ವಾ?’ ಅಂತ ನೀವು ಕೇಳಬಹುದು. ಇಲ್ಲೇ 5ನೇ ಸೆಕ್ಷನ್ ಅಡ್ಡ ಬರುತ್ತದೆ. ಪ್ರಯಾಣಿಕರನ್ನೋ ಸರಕನ್ನೋ ಸಾಗಿಸುವುದೇ ಕಸುಬಾದವರು, ಅವರ ಕೆಲಸದವರು, ಅವರ ಏಜೆಂಟರು, ಹಡಗಿನ ಮಾಲೀಕರು, ಇವರಿಗೆ ಸ್ನೇಹಿತನ ವಿನಾಯಿತಿ ಇಲ್ಲ. ಕೂಲಿ, ಬಹುಮಾನ, ಲಾಭ ಯಾವುದೂ ಪಡೆಯದಿದ್ದರೂ ಅವರು ಕಾಗದ ಒಯ್ಯಬಾರದು ಅಂತ ಆ ಸೆಕ್ಷನ್ ಬಿಡಿಸಿ ಹೇಳುತ್ತದೆ. ಅದೇ ಕಾಗದವನ್ನು ಅದೇ ಬಸ್ಸಿನ ಒಬ್ಬ ಪ್ರಯಾಣಿಕ ತನ್ನ ಗೆಳೆಯನಿಗಾಗಿ ಜೇಬಿನಲ್ಲಿಟ್ಟು ಒಯ್ದಿದ್ದರೆ ತಪ್ಪಲ್ಲ. ಏಜೆಂಟ್ ಒಯ್ದರೆ ತಪ್ಪು. ದಂಡ ಒಂದೊಂದು ಕಾಗದಕ್ಕೆ 50 ರೂಪಾಯಿವರೆಗೆ. ಹತ್ತು ಕಾಗದ ಸಿಕ್ಕರೆ 500 ರೂಪಾಯಿವರೆಗೆ ಹಾಕಬಹುದಿತ್ತು. ಆ ಕಾಲದ ಬಸ್ ಏಜೆಂಟರಿಗೆ ಅದು ಎಷ್ಟು ದೊಡ್ಡ ದುಡ್ಡು, ಯೋಚನೆ ಮಾಡಿ.

ಇನ್ನೊಂದು ಮಾತು. ಈ ಕೇಸನ್ನು ಪೊಲೀಸರು ತಾವಾಗಿ ಹಾಕುವಂತಿರಲಿಲ್ಲ. ಅಂಚೆ ಇಲಾಖೆಯ ಮೇಲಿನ ಅಧಿಕಾರಿಯ ಅಪ್ಪಣೆ ಮೇಲೆ ದೂರು ಬಂದರೆ ಮಾತ್ರ ಕೋರ್ಟು ಕೈಗೆತ್ತಿಕೊಳ್ಳಬೇಕಿತ್ತು. ಅಂದರೆ ಮದರಾಸಿನ ಪೋಸ್ಟ್‌ಮಾಸ್ಟರ್ ಜನರಲ್ ಕಚೇರಿವರೆಗೆ ಅಜ್ಜನ ವಿಷಯ ಹೋಗಿರಬೇಕು.

ಪ್ರಶ್ನೆ (ಅವರೇ):

ತುಂಬ ಧನ್ಯವಾದ ಸರ್. ಅಮ್ಮನಿಗೆ ಓದಿ ಹೇಳಿದೆ, ಎರಡು ಸಲ ಓದಿಸಿಕೊಂಡರು. ಆದರೆ ಇಷ್ಟು ದೊಡ್ಡ ಸರ್ಕಾರಕ್ಕೆ ನಾಲ್ಕು ಕಾಗದದಿಂದ ಏನು ನಷ್ಟ?

ಉತ್ತರ:

ಒಳ್ಳೆಯ ಪ್ರಶ್ನೆ. ಇದಕ್ಕೆ ಎರಡು ಉತ್ತರ ಇದೆ. ಎರಡೂ ನಿಜ.

ಮೊದಲು ದುಡ್ಡಿನದು. 1837ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ತನ್ನ ಸೀಮೆಯೊಳಗೆ ಖಾಸಗಿ ಅಂಚೆಯನ್ನು ನಿಲ್ಲಿಸಿ, ಕಾಗದ ಸಾಗಿಸುವ ಹಕ್ಕನ್ನು ತನ್ನದು ಮಾಡಿಕೊಂಡಿತು. ಆಗ ದೂರ ಹೆಚ್ಚಿದಷ್ಟೂ ದರ ಹೆಚ್ಚು. ಕಲ್ಕತ್ತೆಯಿಂದ ಬೊಂಬಾಯಿಗೆ ಒಂದು ತೊಲ ತೂಕದ ಕಾಗದಕ್ಕೆ ಒಂದು ರೂಪಾಯಿ! ತೊಲ ಅಂದರೆ ಹನ್ನೆರಡು ಗ್ರಾಂ ಕೂಡ ಇಲ್ಲ. 1854ರಲ್ಲಿ ಇದು ಪೂರ್ತಿ ಬದಲಾಯಿತು. ಕಾಲು ತೊಲದ ಕಾಗದಕ್ಕೆ ಅರ್ಧ ಆಣೆ, ಪಕ್ಕದೂರಿಗೆ ಹೋದರೂ ಅಷ್ಟೇ, ಪೇಶಾವರಕ್ಕೆ ಹೋದರೂ ಅಷ್ಟೇ. ಆ ವರ್ಷದ ಅಕ್ಟೋಬರಿನಿಂದ ಇಡೀ ಬ್ರಿಟಿಷ್ ಭಾರತಕ್ಕೆ ಒಂದೇ ಅಂಚೆಚೀಟಿ. 1879ರಲ್ಲಿ ಕಾಲಾಣೆ ಕಾರ್ಡು ಬಂತು. ಬಡವರೂ ಕಾಗದ ಬರೆಯಬಹುದು ಅಂತ ಆದದ್ದು ಆಗಲೇ. ನನ್ನ ಮನಸ್ಸಿನಲ್ಲಿ ಇದು ನಿಜಕ್ಕೂ ದೊಡ್ಡ ಕೆಲಸ.

ಈಗ ಲೆಕ್ಕ ನೋಡಿ. ಪಕ್ಕದೂರಿನ ಕಾಗದದಲ್ಲಿ ಉಳಿದ ದುಡ್ಡೇ ಘಟ್ಟದ ಮೇಲೆ ಗೆಜ್ಜೆ ಕಟ್ಟಿದ ಈಟಿ ಹಿಡಿದು ಓಡುವ ಹರಿಕಾರನ ಸಂಬಳ. ಹತ್ತಿರದ ಊರುಗಳ ಕಾಗದವನ್ನೆಲ್ಲ ಬಸ್ಸಿನವರು ಬಿಟ್ಟಿಯಾಗಿ ಒಯ್ದರೆ, ಸರ್ಕಾರಕ್ಕೆ ಉಳಿಯುವುದು ಖರ್ಚಿನ ದಾರಿಗಳು ಮಾತ್ರ. ಒಂದೇ ದರ ಉಳಿಯಬೇಕಾದರೆ ಒಬ್ಬರ ಕೈಯಲ್ಲೇ ಇರಬೇಕು ಅನ್ನುವ ವಾದದಲ್ಲಿ ಹುರುಳಿದೆ. ನಾನು ಅದನ್ನು ಒಪ್ಪುತ್ತೇನೆ.

ಎರಡನೆಯದು ಕಣ್ಣಿಡುವುದು. ಎಲ್ಲ ಕಾಗದವೂ ಒಂದೇ ಚೀಲದಲ್ಲಿ ಹೋದರೆ, ಬೇಕಾದಾಗ ಆ ಚೀಲಕ್ಕೆ ಕೈ ಹಾಕಬಹುದು ಅಲ್ವಾ? ಅದೇ ಕಾಯ್ದೆಯ 26ನೇ ಸೆಕ್ಷನ್ ಓದಿದರೆ ತಿಳಿಯುತ್ತದೆ. ಸಾರ್ವಜನಿಕ ತುರ್ತು ಪರಿಸ್ಥಿತಿಯಲ್ಲಿ, ಇಲ್ಲವೇ ಸಾರ್ವಜನಿಕ ಸುರಕ್ಷತೆ ಮತ್ತು ಶಾಂತಿಗಾಗಿ, ಯಾವುದೇ ಕಾಗದ ತಡೆಹಿಡಿಯಬಹುದು. ತುರ್ತು ನಿಜವಾಗಿ ಇತ್ತೇ ಅಂತ ಅನುಮಾನ ಬಂದರೆ? ‘ಇತ್ತು’ ಅಂತ ಸರ್ಕಾರವೇ ಬರೆದುಕೊಟ್ಟ ಪತ್ರ ಕೊನೆಯ ಸಾಕ್ಷಿ. ಪಾಠ ಹೇಳುವಾಗ ಈ ಸಾಲು ಬಂದಾಗಲೆಲ್ಲ ನಾನು ನಿಲ್ಲಿಸುತ್ತಿದ್ದೆ. ಕೇಳುವವರೂ ಅವರೇ, ತೀರ್ಪು ಕೊಡುವವರೂ ಅವರೇ. 20ನೇ ಸೆಕ್ಷನ್ ಪ್ರಕಾರ ಕಾರ್ಡಿನ ಮೇಲೆ ಅಥವಾ ಲಕೋಟೆಯ ಮೇಲೆ ‘ರಾಜದ್ರೋಹ’ದ ಒಂದು ಮಾತು ಬರೆದು ಕಳಿಸುವುದೂ ನಿಷಿದ್ಧ.

ಇನ್ನು 6ನೇ ಸೆಕ್ಷನ್. ಕಾಗದ ಕಳೆದುಹೋದರೆ, ತಡವಾದರೆ, ಬೇರೆಯವರ ಮನೆಗೆ ಹೋದರೆ ಸರ್ಕಾರ ಜವಾಬ್ದಾರಿಯಲ್ಲ. ಇನ್ಶೂರ್ ಮಾಡಿದ ವಸ್ತುವಿನ ಹಾಗೆ ಸರ್ಕಾರವೇ ಬಾಯಿಬಿಟ್ಟು ಹೊಣೆ ಹೊತ್ತಿದ್ದರೆ ಮಾತ್ರ ಬೇರೆ. ಬೇರೆ ಯಾರ ಕೈಯಲ್ಲೂ ಕಳಿಸಬಾರದು, ನಾವು ಕಳೆದರೆ ಕೇಳಬಾರದು. ಇದನ್ನು ನಾನು ಯಾವತ್ತೂ ಒಪ್ಪಲಿಲ್ಲ. ಸೇವೆಯಲ್ಲಿದ್ದಾಗ, ಕಳೆದ ಕಾಗದಕ್ಕೆ ಕಣ್ಣೀರು ಹಾಕುತ್ತಾ ಬಂದವರ ಮುಂದೆ ಆ ಸೆಕ್ಷನ್ ಹೇಳುವುದು ನನಗೆ ಎಷ್ಟು ಕಷ್ಟವಾಗುತ್ತಿತ್ತು ಅಂತ ಈಗಲೂ ನೆನಪಿದೆ.

ಇನ್ನೊಬ್ಬ ಸದಸ್ಯರು:

ಸರ್, ನಮ್ಮ ಮನೆಯಲ್ಲಿ 1942ರಲ್ಲಿ ನೈರೋಬಿಯಿಂದ ದೊಡ್ಡಪ್ಪ ಬರೆದ ಕಾಗದ ಇದೆ. ಲಕೋಟೆಯ ಪಕ್ಕ ಕತ್ತರಿಸಿ ಮತ್ತೆ ಚೀಟಿ ಅಂಟಿಸಿದ್ದಾರೆ. ಇದು ಆ 26ನೇ ಸೆಕ್ಷನ್ನೇ?

ಉತ್ತರ:

ಇಲ್ಲ, ಅದು ಯುದ್ಧಕಾಲದ ಸೆನ್ಸಾರ್. ಅದಕ್ಕೆ 1939ರ ಡಿಫೆನ್ಸ್ ಆಫ್ ಇಂಡಿಯಾ ಕಾನೂನು ಮತ್ತು ನಿಯಮಗಳು ಬೇರೆಯಾಗಿದ್ದವು. ಆಗ ವಿದೇಶದ ಕಾಗದ ಒಡೆಯುವುದು ದಿನದ ಕೆಲಸ, ದೊಡ್ಡಪ್ಪನವರ ಮೇಲೆ ಅನುಮಾನ ಇತ್ತು ಅಂತ ಅರ್ಥವಲ್ಲ. ಆ ಚೀಟಿಯನ್ನು ದಯವಿಟ್ಟು ಕೀಳಬೇಡಿ. ಲಕೋಟೆ ಸಮೇತ ಹಾಗೇ ಇಡಿ.

ಇನ್ನೊಬ್ಬ ಸದಸ್ಯರು:

ನಾವು ಮೈಸೂರು ಕಡೆಯವರು. ನಮ್ಮಲ್ಲಿ ಮಹಾರಾಜರ ಅಂಚೆಯೇ ಇತ್ತಲ್ವಾ ಸರ್? ಅದು ಬ್ರಿಟಿಷರ ಹಾಗೆ ಕಾಗದ ಒಡೆಯುತ್ತಿರಲಿಲ್ಲ ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು.

ಉತ್ತರ:

ಮೈಸೂರು ಅಂಚೆ ಇತ್ತು, ನಮ್ಮ ಹೆಮ್ಮೆ ಅದು. 17ನೇ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರು ಕಟ್ಟಿದ್ದು. 1889ರಲ್ಲಿ ಬ್ರಿಟಿಷ್ ಅಂಚೆಯೊಳಗೆ ಸೇರಿತು. ತಿರುವಾಂಕೂರು, ಕೊಚ್ಚಿಯವರು ‘ಅಂಚಲ್’ ಅನ್ನುವ ತಮ್ಮ ಅಂಚೆಯನ್ನು 1951ರವರೆಗೆ ಉಳಿಸಿಕೊಂಡರು. ನಮ್ಮದು ಅಷ್ಟು ಬೇಗ ಹೋಯಿತಲ್ಲ ಅಂತ ನನಗೆ ಬೇಸರ. ಮೈಸೂರು ಸೀಮೆಯವರು ‘ಅಂಚೆ’ ಅಂದದ್ದು, ಬೊಂಬಾಯಿ ಪ್ರಾಂತದ ಕನ್ನಡಿಗರು ‘ಟಪಾಲು’ ಅಂದದ್ದು, ಆ ಎರಡು ಮಾತು ಇವತ್ತಿಗೂ ಉಳಿದಿವೆ.

ಆದರೆ ನಿಮ್ಮ ಮೇಷ್ಟ್ರ ಮಾತು ನನಗೆ ಒಪ್ಪಿಗೆಯಿಲ್ಲ. ಚಿಕ್ಕದೇವರಾಜರ ಅಂಚೆಯವರಿಗೆ ಕಾಗದ ಮುಟ್ಟಿಸುವುದರ ಜೊತೆಗೆ ಊರಿನ ಗುಟ್ಟುಗಳನ್ನು ಅರಮನೆಗೆ ತಿಳಿಸುವ ಕೆಲಸವೂ ಇತ್ತು. ಬ್ರಿಟಿಷರು ಕಾಗದ ಒಡೆಯುವುದನ್ನು ಹೊಸದಾಗಿ ಕಂಡುಹಿಡಿದವರಲ್ಲ. ಅದನ್ನು ಸೆಕ್ಷನ್ ನಂಬರ್ ಹಾಕಿ ಬರೆದಿಟ್ಟವರು. ಬರೆದಿಟ್ಟದ್ದರಿಂದಲೇ ಅದು ನಮ್ಮ ಕಾಲಕ್ಕೂ ದಾಟಿತು.

ಇನ್ನೊಬ್ಬ ಸದಸ್ಯರು:

ನಾನು ಕರೆಂಟ್ ಕೆಲಸದವನು ಸರ್. ಬಿಲ್ಲು ಕಟ್ಟದಿದ್ದರೆ ಲೈನ್ ತೆಗೆಯುವ ಮೊದಲು ನೋಟಿಸ್ ಕೊಡಲೇಬೇಕು ಅನ್ನುವ ನಿಯಮ ಬ್ರಿಟಿಷರ ಕಾಲದ್ದು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಅಂಚೆಯಲ್ಲಿ ಅಷ್ಟು ಬಿಗಿಯಾಗಿದ್ದವರು ಕರೆಂಟಿನಲ್ಲಿ ಇಷ್ಟು ಮೆದು ಯಾಕೆ?

ಉತ್ತರ:

ಕರೆಂಟು ನನ್ನ ಕ್ಷೇತ್ರವಲ್ಲ. ಆದರೆ ಎರಡೂ ಕಾಯ್ದೆಗಳನ್ನು ಅಕ್ಕಪಕ್ಕ ಇಟ್ಟು ಓದಿದ್ದೇನೆ, ಆ ಧೈರ್ಯದಿಂದ ಹೇಳುತ್ತೇನೆ.

ಹಿರಿಯರು ಹೇಳಿದ್ದು ಸರಿ. 1910ರ ಇಂಡಿಯನ್ ಎಲೆಕ್ಟ್ರಿಸಿಟಿ ಆ್ಯಕ್ಟ್‌ನ 24ನೇ ಸೆಕ್ಷನ್ ಪ್ರಕಾರ ಏಳು ಪೂರ್ತಿ ದಿನದ ನೋಟಿಸ್ ಬರವಣಿಗೆಯಲ್ಲಿ ಕೊಡಬೇಕು. 2003ರ ಕಾಯ್ದೆ ಅದನ್ನು 15 ದಿನ ಮಾಡಿತು. 1910ರ ಕಾಯ್ದೆಯಲ್ಲಿ ಇನ್ನೂ ಏನೇನಿತ್ತು ನೋಡಿ. ಪರವಾನಗಿ ಪಡೆದ ಕಂಪನಿ ತನ್ನ ಪ್ರದೇಶದಲ್ಲಿ ಅರ್ಜಿ ಹಾಕಿದವರಿಗೆ ಉಳಿದವರಿಗೆ ಕೊಟ್ಟ ಷರತ್ತಿನಲ್ಲೇ ಕರೆಂಟು ಕೊಡಬೇಕು. ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಅಂತ ಪಕ್ಷಪಾತ ಮಾಡಬಾರದು. ದರಕ್ಕೆ ಮೇಲ್ಮಿತಿ ಇದೆ. ಪರವಾನಗಿಯಲ್ಲಿ ಬರೆದ ಅವಧಿ ಮುಗಿದ ಮೇಲೆ ಪುರಸಭೆಯಂಥ ಸ್ಥಳೀಯ ಸಂಸ್ಥೆ ಇಡೀ ಉದ್ಯಮವನ್ನು ಕೊಂಡುಕೊಳ್ಳಬಹುದು.

ಇದು ಮೆದುತನ ಅಲ್ಲ ಅಂತ ನನ್ನ ಅಭಿಪ್ರಾಯ. ಅಂಚೆ ಮತ್ತು ತಂತಿಯಲ್ಲಿ (ಟೆಲಿಗ್ರಾಫ್) ಅಂಗಡಿ ಇಟ್ಟದ್ದು ಸರ್ಕಾರವೇ. ಹಾಗಾಗಿ ಕಾಯ್ದೆ ಅಂಗಡಿಯವನನ್ನು ಗಿರಾಕಿಯಿಂದ ಕಾಪಾಡಿತು. ಕರೆಂಟಿನಲ್ಲಿ ಬೇರೆಯವರು ಅಂಗಡಿ ಇಟ್ಟಿದ್ದರು. ಆಗ ಸರ್ಕಾರಕ್ಕೆ ಗಿರಾಕಿಯ ನೆನಪಾಯಿತು. ಸೇವೆ ಕೊಡಲೇಬೇಕು, ದರ ಮಿತಿಯಲ್ಲಿರಬೇಕು, ಮುಂಚೆ ತಿಳಿಸಬೇಕು, ಈ ಎಲ್ಲ ಬುದ್ಧಿ ಅವರಿಗೆ ಇತ್ತು ಅನ್ನುವುದಕ್ಕೆ 1910ರ ಕಾಯ್ದೆಯೇ ಸಾಕ್ಷಿ. ತಮ್ಮ ಮೇಲೆ ತಾವೇ ಹಾಕಿಕೊಳ್ಳಲಿಲ್ಲ ಅಷ್ಟೇ.

ಮೈಸೂರಿನ ಕಥೆ ಬೇರೆ. ಅಲ್ಲಿ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ್ದು ಸಂಸ್ಥಾನದ ಸರ್ಕಾರವೇ. ಬೆಂಗಳೂರಿನ ಬೀದಿದೀಪ 1905ರಲ್ಲಿ ಹತ್ತಿತು.

ಇನ್ನೊಬ್ಬ ಸದಸ್ಯರು:

ನಾನು ರೈತ. ನಮ್ಮ ಹೊಲದಲ್ಲಿ ಹೈಟೆನ್ಷನ್ ಟವರ್ ನಿಲ್ಲಿಸುವಾಗ ‘1885ರ ಕಾಯ್ದೆ’ ಅಂತ ಕಾಗದ ತೋರಿಸಿದರು. ಕರೆಂಟು ಟವರಿಗೂ ತಂತಿ ಕಾಯ್ದೆಗೂ ಏನು ಸಂಬಂಧ?

ಉತ್ತರ:

ಸಂಬಂಧ ಇದೆ ಯಜಮಾನರೇ. ತಂತಿ ಕಂಬ ನಿಲ್ಲಿಸುವುದಕ್ಕೆ 1885ರ ಟೆಲಿಗ್ರಾಫ್ ಕಾಯ್ದೆಯ 10ನೇ ಸೆಕ್ಷನ್ ದೊಡ್ಡ ಅಧಿಕಾರ ಕೊಟ್ಟಿತ್ತು. ಭೂಮಿ ಸ್ವಾಧೀನ ಮಾಡದೆಯೇ ಯಾರ ಜಮೀನಿನಲ್ಲಾದರೂ ಕಂಬ, ತಂತಿ ಹಾಕಬಹುದು. ಜಮೀನು ನಿಮ್ಮದೇ ಆಗಿ ಉಳಿಯುತ್ತದೆ. ಆದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಪೂರ್ತಿ ಪರಿಹಾರ ಕೊಡಬೇಕು. 2003ರ ವಿದ್ಯುತ್ ಕಾಯ್ದೆಯ 164ನೇ ಸೆಕ್ಷನ್, ಆ ಅಧಿಕಾರವನ್ನೇ ಕರೆಂಟು ಲೈನ್ ಎಳೆಯುವವರಿಗೂ ಸರ್ಕಾರ ಕೊಡಬಹುದು ಅನ್ನುತ್ತದೆ. ತಂತಿ ಕಂಬಕ್ಕೆ ಒಂದು ಗುಂಡಿ ಸಾಕು. ಟವರಿನ ನಾಲ್ಕು ಕಾಲು ಎಷ್ಟು ಜಾಗ ತಿನ್ನುತ್ತದೆ ಅಂತ ನಿಮಗೇ ಗೊತ್ತು. ಕಂಬಕ್ಕೆ ಬರೆದ ಮಾತನ್ನು ಟವರಿಗೆ ಹಾಕಿದ್ದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಕೊಟ್ಟ ಪರಿಹಾರ ಸಾಲದು ಅನ್ನಿಸಿದರೆ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಹಾಕುವ ದಾರಿ ಅದೇ ಕಾಯ್ದೆಯಲ್ಲಿದೆ. ಒಬ್ಬ ವಕೀಲರನ್ನು ಬೇಗ ಕಾಣಿ.

ಪ್ರಶ್ನೆ (ಮೊದಲು ಕೇಳಿದವರು):

ಕೊನೆಯದೊಂದು ಸರ್. ಅಜ್ಜನಿಗೆ ದಂಡ ಹಾಕಿದ ಆ ಸೆಕ್ಷನ್ ಈಗಲೂ ಇದೆಯಾ?

ಉತ್ತರ:

ಇಲ್ಲ. 2023ರ ಪೋಸ್ಟ್ ಆಫೀಸ್ ಕಾಯ್ದೆ 2024ರ ಜೂನ್ 18ರಿಂದ ಜಾರಿಗೆ ಬಂತು, 1898ರದ್ದು ಹೋಯಿತು. ಕಾಗದ ಸಾಗಿಸುವ ಒಬ್ಬರದೇ ಹಕ್ಕು ಹೊಸದರಲ್ಲಿ ಇಲ್ಲ. ಅಲ್ಲಿವರೆಗೂ ಕೊರಿಯರ್‌ನವರು ಕಾಗದವನ್ನು ‘ಡಾಕ್ಯುಮೆಂಟ್’ ಅಂತ ಬರೆದುಕೊಂಡು ಒಯ್ಯುತ್ತಿದ್ದದ್ದು ನೆನಪಿರಬಹುದು.

ತಡೆಹಿಡಿಯುವ ಅಧಿಕಾರ ಮಾತ್ರ ಹೊಸ ಕಾಯ್ದೆಯಲ್ಲೂ ಇದೆ. ಕಳೆದರೆ ಹೊಣೆಯಿಲ್ಲ ಅನ್ನುವುದೂ ಇದೆ. 1986ರಲ್ಲಿ ನಮ್ಮದೇ ಸಂಸತ್ತು 26ನೇ ಸೆಕ್ಷನ್ ಅನ್ನು ಇನ್ನೂ ಅಗಲ ಮಾಡುವ ಮಸೂದೆ ಪಾಸು ಮಾಡಿತ್ತು. ರಾಷ್ಟ್ರಪತಿ ಜೈಲ್ ಸಿಂಗ್ ಸಹಿ ಹಾಕದೆ ಹಾಗೇ ಇಟ್ಟುಕೊಂಡರು, ಅದು ಕಾನೂನಾಗಲಿಲ್ಲ.

ಅಮ್ಮನಿಗೆ ಹೇಳಿ, ಅವರ ಅಜ್ಜ ಮಾಡಿದ ಕೆಲಸ ಈಗ ತಪ್ಪಲ್ಲ. ದಂಡ ಕಟ್ಟಿದ ರಸೀದಿ ಮನೆಯಲ್ಲಿ ಎಲ್ಲಾದರೂ ಸಿಕ್ಕರೆ ಒಂದು ಫೋಟೋ ಇಲ್ಲಿ ಹಾಕಿ. ಎಷ್ಟು ಕಾಗದಕ್ಕೆ ಎಷ್ಟು ದಂಡ ಅಂತ ಓದಿ ಹೇಳುತ್ತೇನೆ.