ಓ-ರಿಂಗೆನ್‌ಗೆ ಮೊದಲ ಸಲ: ಓಡಲು ಬರುತ್ತದೆ, ಕಾಡಿನ ಮ್ಯಾಪ್ ಓದಲು ಬರುವುದಿಲ್ಲ

ಪ್ರಶ್ನೆ, ಗೋಥೆನ್‌ಬರ್ಗ್‌ನಿಂದ

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು, ಸ್ವೀಡನ್‌ಗೆ ಬಂದು ಮೂರು ವರ್ಷ ಆಯ್ತು. ಓಡುವ ಅಭ್ಯಾಸ ಮೊದಲಿಂದ ಇದೆ. 10 ಕಿಲೋಮೀಟರ್ 54 ನಿಮಿಷಕ್ಕೆ ಮುಗಿಸುತ್ತೇನೆ. ಹೋದ ತಿಂಗಳು ಆಫೀಸಿನ ಗೆಳತಿ ಓರಿಯಂಟಿಯರಿಂಗ್‌ಗೆ ಕರೆದುಕೊಂಡು ಹೋದಳು. ಮ್ಯಾಪ್, ಕಂಪಾಸ್ ಹಿಡಿದು ಕಾಡಿನಲ್ಲಿ ಗುರುತು ಹಾಕಿದ ಜಾಗಗಳನ್ನು ಒಂದಾದ ಮೇಲೊಂದು ಹುಡುಕಿಕೊಂಡು ಓಡಬೇಕು. ಬರೀ 3.5 ಕಿಲೋಮೀಟರ್‌ಗೆ ನನಗೆ 1 ಗಂಟೆ 40 ನಿಮಿಷ ಹಿಡಿಯಿತು. ಆದರೂ ಅವತ್ತಿಂದ ಅದೇ ಗುಂಗು. ಜುಲೈನಲ್ಲಿ ಐದು ದಿನ ನಡೆಯುವ ದೊಡ್ಡ ಓರಿಯಂಟಿಯರಿಂಗ್ ಕೂಟ ಓ-ರಿಂಗೆನ್‌ಗೆ ಹೆಸರು ಕೊಡಬೇಕು ಅಂತಿದ್ದೇನೆ. ಎಂಟು ತಿಂಗಳಿದೆ. ಹೇಗೆ ತಯಾರಾಗಲಿ? ಕಾಡಿನಲ್ಲಿ ಒಬ್ಬಳೇ ದಾರಿ ತಪ್ಪಿದರೆ ಅನ್ನೋ ಭಯವೂ ಇದೆ. ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ, ಉಪ್ಸಾಲಾದಿಂದ

ನಿಮ್ಮ ಮಾತು ಓದಿ ನನ್ನ ಮೊದಲ ದಿನ ನೆನಪಾಯ್ತು. ಹನ್ನೊಂದು ವರ್ಷ ಆಯ್ತು. ನೀವು ಎಲ್ಲಾ ಕಂಟ್ರೋಲ್ (ಹುಡುಕಬೇಕಾದ ಗುರುತಿನ ಜಾಗ) ಮುಗಿಸಿ ಬಂದಿದ್ದೀರಿ ಅಲ್ವಾ, ಮೊದಲ ಸಲಕ್ಕೆ ಅದೇ ದೊಡ್ಡದು. ಓಟದ ಬಗ್ಗೆ ಚಿಂತೆ ಬಿಡಿ. 54 ನಿಮಿಷ ಧಾರಾಳ ಸಾಕು. ಕಷ್ಟಪಟ್ಟು ಅದನ್ನು 50ಕ್ಕೆ ಇಳಿಸಿದರೂ, ಕಾಡಿನಲ್ಲಿ ಒಂದೇ ಒಂದು ಕಂಟ್ರೋಲ್ ತಪ್ಪಿದರೆ ಗಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ಈ ಎಂಟು ತಿಂಗಳನ್ನು ಮ್ಯಾಪ್‌ಗೆ ಕೊಡಿ.

ನಾನು ಶಿವಮೊಗ್ಗದಲ್ಲಿ ಎನ್‌ಸಿಸಿ ಮಾಡಿದವನು. ಮ್ಯಾಪ್ ರೀಡಿಂಗ್ ಪಾಠ ಇತ್ತು, ಬೇರಿಂಗ್, ಅಂದರೆ ಕಂಪಾಸ್‌ನಿಂದ ಹೋಗಬೇಕಾದ ದಿಕ್ಕು, ತೆಗೆಯಲು ಬರುತ್ತಿತ್ತು. ಆ ಧೈರ್ಯದಲ್ಲೇ ಇಲ್ಲಿ ಕಾಡಿಗೆ ಇಳಿದೆ. ಆದರೆ ಅಲ್ಲಿ ನಾವು ನೋಡುತ್ತಿದ್ದ ಟೊಪೊಶೀಟ್ 1:50,000. ಒಂದು ಸೆಂಟಿಮೀಟರ್ ಅಂದರೆ ಅರ್ಧ ಕಿಲೋಮೀಟರ್, ಒಂದು ಕಾಂಟೂರ್ ಗೆರೆಯಿಂದ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಇನ್ನೊಂದಕ್ಕೆ 20 ಮೀಟರ್ ಏರು. ಇಲ್ಲಿನ ಮ್ಯಾಪ್ ಹೆಚ್ಚಾಗಿ 1:10,000. ಒಂದು ಸೆಂಟಿಮೀಟರ್‌ಗೆ 100 ಮೀಟರ್, ಗೆರೆಯಿಂದ ಗೆರೆಗೆ 5 ಮೀಟರ್. ಒಂದು ಮೀಟರ್ ಎತ್ತರದ ಬಂಡೆ ಕೂಡ ಕಪ್ಪು ಚುಕ್ಕೆಯಾಗಿ ಕಾಣಿಸುತ್ತದೆ. ಶುರುವಿನಲ್ಲಿ ನಾನು ಪ್ರತಿ ಸಲ ಕಂಟ್ರೋಲ್ ದಾಟಿ ಮುಂದೆ ಹೋಗಿಬಿಡುತ್ತಿದ್ದೆ. ಮ್ಯಾಪ್‌ನಲ್ಲಿ ದೂರ ಕಂಡದ್ದು ನೆಲದ ಮೇಲೆ ಆಗಲೇ ಬಂದಿರುತ್ತಿತ್ತು.

ಬಣ್ಣದ ವಿಷಯ ಈಗಲೇ ಹೇಳಿಬಿಡುತ್ತೇನೆ, ನಮ್ಮ ಕಡೆಯವರು ತುಂಬಾ ಜನ ಇಲ್ಲೇ ಎಡವುತ್ತಾರೆ. ಹಸಿರು ಕಂಡರೆ ಕಾಡು, ಬಿಳಿ ಕಂಡರೆ ಬಯಲು ಅನ್ನಿಸುತ್ತದೆ. ಹಾಗಲ್ಲ. ಬಿಳಿ ಅಂದರೆ ಸಲೀಸಾಗಿ ಓಡಬಹುದಾದ ಕಾಡು. ಹಸಿರು ಅಂದರೆ ಮರ ಒತ್ತಾಗಿ ಬೆಳೆದು ಓಟ ನಿಧಾನವಾಗುವ ಜಾಗ, ಹಸಿರು ಗಾಢವಾದಷ್ಟೂ ನುಗ್ಗೋದು ಕಷ್ಟ. ಬಯಲಿಗೆ ಹಳದಿ. ನೀರು, ಜೌಗು ನೀಲಿ. ಬಂಡೆ, ಕಾಲುದಾರಿ, ಮನೆ ಕಪ್ಪು. ನೆಲದ ಏರಿಳಿತಕ್ಕೆ ಕಂದು ಗೆರೆ. ಕಲಿಯಬೇಕಾದ್ದು ಜಾಸ್ತಿ ಇರುವುದು ಈ ಕಂದು ಗೆರೆಗಳಲ್ಲಿ. ಮರ ಕಡಿದು ಹಾಕುತ್ತಾರೆ, ಕಾಲುದಾರಿ ಮುಚ್ಚಿಹೋಗುತ್ತದೆ. ದಿಬ್ಬ ಮಾತ್ರ ಇದ್ದಲ್ಲೇ ಇರುತ್ತದೆ.

ನನ್ನ ಮೊದಲ ದಿನದ ನಾಲ್ಕನೇ ಕಂಟ್ರೋಲ್ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೂರರಿಂದ ಸುಮಾರು 400 ಮೀಟರ್. ಕಂಟ್ರೋಲ್‌ಗಳ ವಿವರ ಇರುವ ಚೀಟಿಯಲ್ಲಿ ಬಂಡೆ, ಉತ್ತರದ ಬದಿ ಅಂತ ಚಿಹ್ನೆ, ಆ ಕಂಟ್ರೋಲ್‌ನ ನಂಬರ್ ಅಂದರೆ ಕೋಡ್ 57. ಒಂದು ಜೌಗಿನ ಮೂಲೆ ದಾಟಿ ಕಂಪಾಸ್ ಹಿಡಿದು ನೇರ ಹೊರಟೆ. ನಡುವೆ ಗಾಳಿಗೆ ಬಿದ್ದ ಮರಗಳಿದ್ದವು. ಸುತ್ತಿ ಹೋಗುವಾಗ ಪ್ರತಿ ಸಲ ಬಲಕ್ಕೇ ಸರಿದೆ. ದೂರ ಆಯ್ತು ಅನ್ನಿಸಿದಾಗ ಎದುರಿಗೆ ಬಂಡೆ ಸಿಕ್ಕಿತು. ನನ್ನಷ್ಟೇ ಎತ್ತರ, ಮೈತುಂಬಾ ಪಾಚಿ, ನೆತ್ತಿಯ ಮೇಲೆ ಗೇಣುದ್ದದ ಸ್ಪ್ರೂಸ್ ಸಸಿ. ಸುತ್ತಿ ನೋಡಿದೆ. ಕಿತ್ತಳೆ-ಬಿಳಿ ಬಟ್ಟೆಯ ಗುರುತು ಇಲ್ಲ. ಮ್ಯಾಪ್ ಪ್ರಕಾರ ಬಂಡೆಯ ಹಿಂದೆ ನೆಲ ಏರಬೇಕು. ನಾನು ನಿಂತಲ್ಲಿ ಇಳಿಯುತ್ತಿತ್ತು. ಕಣ್ಣಿಗೆ ಅದು ಕಾಣುತ್ತಿತ್ತು, ಮನಸ್ಸು ಒಪ್ಪಲಿಲ್ಲ. ಬಂಡೆ ಸಿಕ್ಕಿದೆ, ಬಟ್ಟೆಯನ್ನು ಯಾರೋ ತೆಗೆದಿರಬೇಕು ಅಂತ ಅದರ ಸುತ್ತಲೇ ಅಲೆಯುತ್ತಾ 25 ನಿಮಿಷ ಕಳೆದೆ. ಆಗ ಆ ಕಡೆ ಓಡಿ ಬಂದ ವಯಸ್ಸಾದ ಹೆಂಗಸೊಬ್ಬರು ನನ್ನ ಮುಖ ನೋಡಿ ನಿಂತರು. "ನಿನಗೆ ಖಾತ್ರಿ ಇದ್ದ ಕೊನೆಯ ಜಾಗ ಯಾವುದು?" ಅಂತ ಕೇಳಿದರು. ಜೌಗಿನ ಮೂಲೆ ತೋರಿಸಿದೆ. "ಅಲ್ಲಿಗೆ ವಾಪಸ್ ಹೋಗು" ಅಂದು ಹೊರಟುಹೋದರು. ಹೋದೆ. ಅಲ್ಲಿಂದ ಮೂರೇ ನಿಮಿಷಕ್ಕೆ 57 ಸಿಕ್ಕಿತು.

ಹೀಗೆ ತಪ್ಪುವುದಕ್ಕೆ ಇಲ್ಲಿನವರು ಬೊಮ್ ಅನ್ನುತ್ತಾರೆ. ಎಷ್ಟೇ ವರ್ಷ ಓಡಿದವರಿಗೂ ಬೊಮ್ ಆಗುತ್ತದೆ. ಅವರು ಅರ್ಧ ನಿಮಿಷದಲ್ಲಿ ಸರಿಪಡಿಸಿಕೊಳ್ಳುತ್ತಾರೆ, ನಮಗೆ ಅರ್ಧ ಗಂಟೆ ಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ. ಮ್ಯಾಪ್‌ಗೂ ನೆಲಕ್ಕೂ ತಾಳೆ ಆಗದ ಕ್ಷಣ ನಿಂತುಬಿಡಿ. ಇನ್ನು ಸ್ವಲ್ಪ ಮುಂದೆ ಹೋಗಿ ನೋಡೋಣ ಅನ್ನಬೇಡಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದ ಅಭ್ಯಾಸ ಒಂದಿದೆ. ಕಂಟ್ರೋಲ್ ಬಿಡುವ ಮುಂಚೆ ಮುಂದಿನ ದಾರಿಯನ್ನು ಬಾಯಿಬಿಟ್ಟು ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. "ದಿಬ್ಬದ ಎಡಗಡೆ ಹಿಡಿದು ಹೋಗು, ಜೌಗು ಸಿಗುತ್ತೆ, ಅದರ ಮೂಲೆ ಬಂದರೆ ನಿಧಾನ, ಅಲ್ಲಿಂದ ಏರು, ಎರಡನೇ ಬಂಡೆ." ಯಾರಾದರೂ ಮಲೆನಾಡಿನಲ್ಲಿ ಮನೆಗೆ ದಾರಿ ಕೇಳಿದರೆ ನಾವು ಹೇಳೋದು ಹೀಗೇ ಅಲ್ವಾ? ಹಳ್ಳ ದಾಟಿ, ತೋಟದ ಅಂಚಿಗೆ ಬಂದು, ದರೆ ಹತ್ತಿ ಅಂತ. ಹೇಳಲು ಬರಲಿಲ್ಲ ಅಂದರೆ ಮ್ಯಾಪ್ ಇನ್ನೂ ಅರ್ಥವಾಗಿಲ್ಲ, ಓಡಬೇಡಿ. ಜೌಗಿನ ಮೂಲೆಯಂಥ, ತಪ್ಪದೆ ಸಿಗುವ ಜಾಗಕ್ಕೆ ಅಟ್ಯಾಕ್ ಪಾಯಿಂಟ್ ಅನ್ನುತ್ತಾರೆ. ಅಲ್ಲಿಯವರೆಗೆ ಜೋರಾಗಿ ಓಡಿ. ಅಲ್ಲಿಂದ ಕೊನೆಯ 100 ಮೀಟರ್ ನಡೆದುಕೊಂಡೇ ಹೋಗಿ, ನಷ್ಟವಿಲ್ಲ.

ಹೆಬ್ಬೆರಳು ಸದಾ ಮ್ಯಾಪ್ ಮೇಲೆ, ನೀವಿರುವ ಜಾಗದಲ್ಲೇ ಇರಲಿ. ಮ್ಯಾಪ್‌ನ ಉತ್ತರ ಸದಾ ಕಂಪಾಸ್‌ನ ಉತ್ತರಕ್ಕಿರಲಿ, ನೀವು ಎತ್ತ ತಿರುಗಿದರೂ. ಇವೆರಡನ್ನೂ ಬಸ್ಸಿನಲ್ಲಿ, ಪೇಟೆಯಲ್ಲಿ, ಎಲ್ಲಿ ಬೇಕಾದರೂ ಅಭ್ಯಾಸ ಮಾಡಬಹುದು.

ಉತ್ತರ, ಸ್ಟಾಕ್‌ಹೋಮ್‌ನಿಂದ

ಭಯದ ಬಗ್ಗೆ ಕೇಳಿದಿರಲ್ಲ, ಅದಕ್ಕೆ ನಾನು ಹೇಳುತ್ತೇನೆ. ನಾನೂ ಎರಡು ವರ್ಷ ಅದೇ ಭಯ ಇಟ್ಟುಕೊಂಡೇ ಓಡಿದವಳು.

ಹೊರಡುವ ಮುಂಚೆ ಮ್ಯಾಪ್ ನೋಡಿ, ಯಾವ ದಿಕ್ಕಿಗೆ ನೇರ ಹೋದರೆ ದೊಡ್ಡ ರಸ್ತೆಯೋ ಕೆರೆಯೋ ಸಿಕ್ಕೇ ಸಿಗುತ್ತದೆ ಅಂತ ಗೊತ್ತು ಮಾಡಿಕೊಳ್ಳಿ. ಪೂರ್ತಿ ಕಳೆದುಹೋದರೆ ಆ ದಿಕ್ಕಿಗೆ ಕಂಪಾಸ್ ಹಿಡಿದು ನಡೆಯಿರಿ. ನನಗೆ ಅದರ ಅಗತ್ಯ ಒಂದೇ ಸಲ ಬಿದ್ದದ್ದು, ಆದರೆ ಆ ದಿಕ್ಕು ಗೊತ್ತಿದೆ ಅನ್ನೋದೇ ಪ್ರತಿ ಸಲ ಧೈರ್ಯ ಕೊಡುತ್ತದೆ. ಜೊತೆಗೆ ಸೀಟಿ ಇರಲಿ. ನಿಮಿಷಕ್ಕೆ ಆರು ಸಲ ಊದಿದರೆ ಸಹಾಯ ಬೇಕು ಅಂತ ಅರ್ಥ. ಮೊಬೈಲ್ ಒಂದು ಪ್ಲಾಸ್ಟಿಕ್ ಚೀಲದಲ್ಲಿರಲಿ.

ಓಟವನ್ನು ಅರ್ಧಕ್ಕೆ ಬಿಟ್ಟರೂ ಫಿನಿಶ್‌ಗೆ ಹೋಗಿ ಚಿಪ್ (ಪ್ರತಿ ಕಂಟ್ರೋಲ್‌ನಲ್ಲಿ ನೀವು ಬಂದದ್ದನ್ನು ದಾಖಲಿಸುವ, ಜೊತೆಗೆ ಒಯ್ಯುವ ಸಾಧನ) ಓದಿಸಿಯೇ ಮನೆಗೆ ಹೋಗಿ. ಇಲ್ಲದಿದ್ದರೆ ನೀವು ಇನ್ನೂ ಕಾಡಿನಲ್ಲಿದ್ದೀರಿ ಅಂತ ರಾತ್ರಿಯಿಡೀ ಹುಡುಕುತ್ತಾರೆ.

ಇನ್ನೊಂದು ವಿಷಯ. ಗಾಯವಾದವರು ಕಂಡರೆ ನಿಂತು ಸಹಾಯ ಮಾಡಬೇಕು ಅನ್ನೋದು ಈ ಆಟದ ನಿಯಮ. 2009ರಲ್ಲಿ ಹಂಗೇರಿಯ ವಿಶ್ವ ಚಾಂಪಿಯನ್‌ಶಿಪ್ ರಿಲೇಯಲ್ಲಿ ಸ್ವೀಡನ್ನಿನ ಮಾರ್ಟಿನ್ ಯೋಹಾನ್ಸನ್ ಅವರ ತೊಡೆಗೆ ಮರದ ಕೊಂಬೆ ಆಳವಾಗಿ ಚುಚ್ಚಿಕೊಂಡಿತು. ಫ್ರಾನ್ಸಿನ ತಿಯೆರಿ ಗ್ಯೋರ್ಗಿಯು, ನಾರ್ವೆಯ ಆಂಡರ್ಸ್ ನೂರ್ಡ್‌ಬೆರ್ಗ್, ಚೆಕ್‌ನ ಮಿಖಾಲ್ ಸ್ಮೋಲಾ ಮೂವರೂ ಪದಕದ ಓಟದಲ್ಲಿದ್ದವರು. ಮೂವರೂ ಪದಕದ ಆಸೆ ಬಿಟ್ಟು ಅವರ ನೆರವಿಗೆ ನಿಂತರು. ಇದನ್ನು ಕೇಳಿದ ಮೇಲೆ ಕಾಡಿನಲ್ಲಿ ನಾನು ಒಬ್ಬಳೇ ಅಂತ ನನಗೆ ಅನ್ನಿಸಿಲ್ಲ.

ನಿಜವಾಗಿ ಹೆದರಬೇಕಾದ್ದು ಉಣುಗಿಗೆ. ನಮ್ಮೂರು ಸೊರಬದ ಕಡೆ. ಅಲ್ಲಿನ ಕ್ಯಾಸನೂರು ಕಾಡಿನಲ್ಲೇ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದು, ಅದನ್ನು ಹರಡುವುದೂ ಉಣುಗೇ. ಇಲ್ಲಿ ಉಣುಗಿನಿಂದ ಮಿದುಳಿನ ಉರಿಯೂತ ತರುವ ಟಿಬಿಇ ವೈರಸ್ ಅದರ ಹತ್ತಿರದ ನೆಂಟ. ಇದಕ್ಕೆ ಒಳ್ಳೆ ಲಸಿಕೆ ಇದೆ. ಚಳಿಗಾಲದಲ್ಲೇ ಶುರುಮಾಡಿದರೆ ವಸಂತಕ್ಕೆ ಮುಂಚೆ ಎರಡು ಡೋಸ್ ಮುಗಿಯುತ್ತದೆ. ಉಣುಗಿನಿಂದಲೇ ಬರುವ ಬೊರೇಲಿಯಾ ಅಂತ ಇನ್ನೊಂದು ಕಾಯಿಲೆ ಇದೆ, ಅದು ಈ ಲಸಿಕೆಗೆ ಬಗ್ಗುವುದಿಲ್ಲ. ಹಾಗಾಗಿ ಕಾಲು ಪೂರ್ತಿ ಮುಚ್ಚುವ ಬಟ್ಟೆ ಹಾಕಿ. ಮನೆಗೆ ಬಂದ ತಕ್ಷಣ ಸ್ನಾನ ಮಾಡಿ ಮೊಣಕಾಲ ಹಿಂದೆ, ಕಂಕುಳು, ಸೊಂಟದ ಸುತ್ತ ನೋಡಿಕೊಳ್ಳಿ.

ಉತ್ತರ, ಲಿನ್‌ಶೋಪಿಂಗ್‌ನಿಂದ

ನಾಲ್ಕು ಸಲ ಓ-ರಿಂಗೆನ್ ಓಡಿದ್ದೇನೆ, ಎರಡು ಸಲ ಮಕ್ಕಳ ಜೊತೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು 1965ರಲ್ಲಿ ಶುರುವಾದದ್ದು. ಪ್ರತಿ ಜುಲೈ ಸ್ವೀಡನ್ನಿನ ಬೇರೆ ಬೇರೆ ಊರಲ್ಲಿ, ಐದು ದಿನದ ಓಟ, ನಡುವೆ ಒಂದು ದಿನ ಬಿಡುವು. ಸಾವಿರಾರು ಜನ ಸೇರುತ್ತಾರೆ. ನಮ್ಮ ಕಡೆಯ ದೊಡ್ಡ ಜಾತ್ರೆ ಇದ್ದ ಹಾಗೆ, ಡೇರೆ, ಕ್ಯಾರವಾನ್, ತಿಂಡಿ ಅಂಗಡಿ ಎಲ್ಲಾ. ಪುಟ್ಟ ಮಕ್ಕಳೂ ಓಡುತ್ತಾರೆ, ಎಂಬತ್ತು ದಾಟಿದವರೂ ಓಡುತ್ತಾರೆ.

ವಯಸ್ಸಿನ ಪ್ರಕಾರ ಡಿ35, ಡಿ40 ಅಂತ ಕ್ಲಾಸ್‌ಗಳಿವೆ. ಡಿ ಅಂದರೆ ಹೆಂಗಸರು. ಮೊದಲ ಸಲವೇ ಅದಕ್ಕೆ ಸೇರಬೇಡಿ. ಅಲ್ಲಿರುವವರು ಹತ್ತು ವರ್ಷದ ಹುಡುಗಿಯರಾಗಿದ್ದಾಗಿಂದ ಮ್ಯಾಪ್ ಹಿಡಿದವರು. ಮೊದಲ ಸಲದವರಿಗೆ ಓಪನ್ ಕ್ಲಾಸ್‌ಗಳಿವೆ, ಸುಲಭದಿಂದ ಕಷ್ಟದವರೆಗೆ ಆರಿಸಿಕೊಳ್ಳಬಹುದು. ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮೂರ ಕ್ಲಬ್‌ಗಳ ಸಣ್ಣ ಓಟಗಳಲ್ಲಿ ಹಳದಿ ಹಂತದ ಕೋರ್ಸ್‌ನಿಂದ ಶುರುಮಾಡಿ (ಇಲ್ಲಿ ಕೋರ್ಸ್ ಎಷ್ಟು ಕಷ್ಟ ಅನ್ನೋದನ್ನು ಬಣ್ಣದ ಹೆಸರಿನಿಂದ ಹೇಳುತ್ತಾರೆ). ಅದು ಸಲೀಸಾದ ಮೇಲೆ ಆರೆಂಜ್. ಓಟಗಳ ಪಟ್ಟಿ, ಹೆಸರು ಕೊಡುವುದು ಎಲ್ಲಾ ಈವೆಂಟರ್ ಅನ್ನೋ ವೆಬ್‌ಸೈಟ್‌ನಲ್ಲೇ.

ಓ-ರಿಂಗೆನ್‌ನಲ್ಲಿ ಎಲ್ಲಿ ನೋಡಿದರೂ ಜನ ಓಡುತ್ತಿರುತ್ತಾರೆ. ಅವರ ಹಿಂದೆ ಹೋಗುವ ಆಸೆ ಆಗುತ್ತದೆ. ಹೋಗಬೇಡಿ. ಅವರ ಕೋರ್ಸ್ ಬೇರೆ, ನಿಮ್ಮದು ಬೇರೆ. 40 ಮೀಟರ್ ಆಚೆ ಇನ್ನೊಂದು ಬಂಡೆಯ ಬಳಿ ಇನ್ನೊಂದು ಕಂಟ್ರೋಲ್ ಇರಬಹುದು. ಚಿಪ್ ಒತ್ತುವ ಮುಂಚೆ ಕೋಡ್ ಓದಿ, ಜೋರಾಗಿ ಓದಿ. ನನ್ನ ಮಗಳು ಒಂದು ವರ್ಷ ನಾಲ್ಕು ದಿನ ಚೆನ್ನಾಗಿ ಓಡಿ, ಐದನೇ ದಿನ 112 ಬದಲು 121 ಒತ್ತಿ ಬಂದಳು. ಒಂದು ದಿನ ತಪ್ಪಾದರೆ ಐದೂ ದಿನದ ಒಟ್ಟು ಫಲಿತಾಂಶದಲ್ಲಿ ಹೆಸರು ಇರುವುದಿಲ್ಲ. ಹನ್ನೊಂದು ವರ್ಷದ ಮಗು, ಕಾರಿನಲ್ಲಿ ಊರು ಸೇರುವವರೆಗೂ ಒಂದು ಮಾತಾಡಲಿಲ್ಲ.

ಮೊದಲ ದಿನ ಬೇಕೆಂದೇ ನಿಧಾನ ಹೋಗಿ. ಐದು ದಿನ ಜೌಗಿನಲ್ಲಿ, ಬ್ಲೂಬೆರಿ ಪೊದೆಯಲ್ಲಿ ಕಾಲೆತ್ತಿ ಕಾಲೆತ್ತಿ ಓಡುವುದು ರಸ್ತೆ ಓಟದ ಹಾಗಲ್ಲ. ಮೂರನೇ ದಿನ ತೊಡೆ ಮಾತು ಕೇಳುವುದಿಲ್ಲ. ತೊಡೆ ದಣಿದರೆ ತಲೆಯೂ ಓಡುವುದಿಲ್ಲ.

ಪ್ರಶ್ನೆ ಕೇಳಿದವರು

ಓದುತ್ತಾ ಕಣ್ಣು ತುಂಬಿ ಬಂತು, ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ. ಇನ್ನೆರಡು ಕೇಳಬಹುದಾ? ವಾರದಲ್ಲಿ ಯಾವ ದಿನ ಏನು ಮಾಡಲಿ? ಈಗ ನವೆಂಬರ್, ನಾಲ್ಕು ಗಂಟೆಗೆಲ್ಲ ಕತ್ತಲು. ಜೊತೆಗೆ ನನಗೆ ಕನ್ನಡಕ ಇದೆ, ಮಳೆಯಲ್ಲಿ ಮ್ಯಾಪ್ ಕಾಣುವುದೇ ಇಲ್ಲ.

ಉತ್ತರ, ಗೋಥೆನ್‌ಬರ್ಗ್‌ನಿಂದ

ನಾನು ನಿಮ್ಮೂರಿನವಳೇ, ಇಲ್ಲಿಗೆ ಬಂದು ಆರು ವರ್ಷ. ಕತ್ತಲನ್ನು ಉಪಯೋಗಿಸಿಕೊಳ್ಳಿ. ರಾತ್ರಿ ಹಣೆಗೆ ದೀಪ ಕಟ್ಟಿಕೊಂಡು ಓಡುವಾಗ ದೂರದ್ದು ಏನೂ ಕಾಣುವುದಿಲ್ಲ. ಹಾಗಾಗಿ ಕಾಲಡಿಯ ಏರು, ಇಳಿವು, ಮ್ಯಾಪ್‌ನ ಗೆರೆ ಇಷ್ಟನ್ನೇ ನಂಬಬೇಕಾಗುತ್ತದೆ. ಒಂದು ಚಳಿಗಾಲ ರಾತ್ರಿ ಓಡಿದ ಮೇಲೆ ನನಗೆ ಹಗಲಿನ ಕಾಡು ತೆರೆದಿಟ್ಟ ಪುಸ್ತಕದ ಹಾಗೆ ಕಂಡಿತು. ಒಬ್ಬಳೇ ಬೇಡ, ಕ್ಲಬ್ ಜೊತೆ ಹೋಗಿ.

ವಾರಕ್ಕೆ ಮೂರು ಓಟ ಸಾಕು. ಒಂದು ರಸ್ತೆಯಲ್ಲಿ, ಒಂದು ದಾರಿಯೇ ಇಲ್ಲದ ಕಾಡಿನಲ್ಲಿ, ಒಂದು ಮ್ಯಾಪ್ ಹಿಡಿದು. ಹಲ್ಲುಜ್ಜುವಾಗ ಒಂದೊಂದೇ ಕಾಲಲ್ಲಿ ನಿಲ್ಲಿ, ಕಣಕಾಲು ಗಟ್ಟಿಯಾಗುತ್ತದೆ. ಓಡಿ ಬಂದ ದಿನವೇ, ನೆನಪು ಹಸಿಯಾಗಿರುವಾಗ, ಎಲ್ಲಿ ಹೋದೆ ಅಂತ ಮ್ಯಾಪ್ ಮೇಲೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಆಮೇಲೆ ಓಡಿದ ದಾರಿಯನ್ನು ಮ್ಯಾಪ್ ಮೇಲೆ ತೋರಿಸುವ ಲೈವ್‌ಲಾಕ್ಸ್ ವೆಬ್‌ಸೈಟ್‌ನಲ್ಲಿ ವಾಚ್‌ನ ಜಿಪಿಎಸ್ ಗೆರೆ ಹಾಕಿ ನೋಡಿ. ಎರಡು ಗೆರೆ ಬೇರೆಯಾಗುವ ಜಾಗದಲ್ಲೇ ನಿಮ್ಮ ಮುಂದಿನ ಪಾಠ ಇರುತ್ತದೆ. ನಾನು ಪ್ರತಿ ಬೊಮ್ ಪಕ್ಕ ಒಂದು ಸಾಲು ಬರೆಯುತ್ತೇನೆ. ಒಂದು ವರ್ಷದ ಸಾಲುಗಳನ್ನು ಒಟ್ಟಿಗೆ ಓದಿದಾಗ ಮುಕ್ಕಾಲು ಪಾಲು ಒಂದೇ ತಪ್ಪು: ಕಂಟ್ರೋಲ್‌ನಿಂದ ಹೊರಡುವಾಗ ದಿಕ್ಕು ನೋಡದೆ ಓಡಿದ್ದು. ಈಗ ಪ್ರತಿ ಸಲ ಹೊರಡುವ ಮುಂಚೆ ಕಂಪಾಸ್ ನೋಡುತ್ತೇನೆ, ಎರಡು ಸೆಕೆಂಡಿನ ಕೆಲಸ.

ಕನ್ನಡಕಕ್ಕೆ ಮುಂದೆ ಅಂಚಿರುವ ತೆಳು ಟೋಪಿ ಹಾಕಿ, ಅರ್ಧ ಮಳೆ ಅಲ್ಲೇ ನಿಲ್ಲುತ್ತದೆ. ತೋಳಿನ ಒಳಗೆ ಒಂದು ಒಣ ಬಟ್ಟೆ ಸಿಕ್ಕಿಸಿಕೊಳ್ಳಿ. ಹೆಬ್ಬೆರಳಿಗೆ ಹಾಕುವ ಕಂಪಾಸ್‌ನಲ್ಲಿ ಪುಟ್ಟ ಭೂತಗನ್ನಡಿ ಇರುವುದೂ ಸಿಗುತ್ತದೆ, ಸಣ್ಣ ಗೆರೆಗಳಿಗೆ ತುಂಬಾ ಅನುಕೂಲ.

ಈ ಶನಿವಾರ ಬೆಳಗ್ಗೆ ಹತ್ತಕ್ಕೆ ಡೆಲ್‌ಶೆನ್ ಕೆರೆಯ ಕಾಡಿಗೆ ಹೋಗುತ್ತಿದ್ದೇನೆ. ಹಳೇ ಮ್ಯಾಪ್ ಎರಡು ಪ್ರತಿ ಇದೆ. ಓಡುವುದು ಬೇಡ, ನಡೆಯೋಣ. ಪ್ರತಿ ದಿಬ್ಬದ ಬಳಿ ನಿಂತು ಇದು ಯಾವ ಗೆರೆ ಅಂತ ನೀವು ಹೇಳಬೇಕು. ನೆನೆದರೂ ಪರವಾಗಿಲ್ಲ ಅನ್ನುವ ಶೂ ಹಾಕಿಕೊಂಡು ಬನ್ನಿ, ಬದಲಾಯಿಸಲು ಒಣ ಸಾಕ್ಸ್ ಇರಲಿ. ಕಾಫಿ ನಾನು ತರುತ್ತೇನೆ.