ಅಪ್‌ಡೇಟ್: ಟ್ರ್ಯಾಕ್ ವೀಲ್‌ಗೆ ಲೋಹದ ವಾಲ್ವೇ ಸರಿ

ನನ್ನ ಪೋರ್ಷೆ ಕೇಮನ್ ಕಾರಿಗೆ ರೇಸ್ ಟ್ರ್ಯಾಕ್‌ನಲ್ಲಿ ಹಾಕುವ ವೀಲ್‌ಗಳಿಗೆ (ಟಿಪಿಎಂಎಸ್, ಅಂದರೆ ಟೈರಿನ ಗಾಳಿಯ ಒತ್ತಡ ಅಳೆಯುವ ಸೆನ್ಸರ್, ಇಲ್ಲ) ಗಾಳಿ ತುಂಬಿಸುವ ವಾಲ್ವ್ ರಬ್ಬರ್‌ನದ್ದು ಸಾಕೇ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಕೊನೆಗೆ ನಟ್ ಬಿಗಿಯುವ ಲೋಹದ್ದನ್ನೇ ಹಾಕಿಸಿದೆ. ಗಂಟೆಗೆ 210 ಕಿ.ಮೀ. ದಾಟುವ ಗಾಡಿಗೆ ಬರೀ ರಬ್ಬರ್‌ನದ್ದು ಬೇಡವೇ ಬೇಡ. ಚಕ್ರ ತಿರುಗುವ ರಭಸಕ್ಕೆ ಹೊರಕ್ಕೆ ಬಾಗಿ ಬುಡದಲ್ಲಿ ಸೋರಬಹುದು.

ಮೊದಲು ರಿಮ್ಮಿನಲ್ಲಿ ವಾಲ್ವ್ ಕೂರುವ ತೂತು ಅಳೆಯಿರಿ: ಸಾಮಾನ್ಯವಾಗಿ 11.5 ಮಿ.ಮೀ., ಕೆಲವು ವೀಲ್‌ಗಳಲ್ಲಿ 8.3. ವಾಷರ್ ಕೂರುವ ಜಾಗದಲ್ಲಿ ಹಳೇ ಆಕ್ಸೈಡ್ ಉಳಿದರೆ ಎಷ್ಟು ಬಿಗಿದರೂ ಸೋರಿಕೆ ನಿಲ್ಲದು. ನಟ್‌ಗೆ ತಯಾರಕರು ಹೇಳಿದಷ್ಟೇ ಟಾರ್ಕ್ (ಬಿಗಿಯುವ ಬಲ) ಕೊಡಿ. ಜಾಸ್ತಿಯಾದರೆ ರಬ್ಬರ್ ವಾಷರ್ ಹಿಂಡಿಹೋಗಿ ಸೀಳುತ್ತದೆ, ಗ್ಯಾರೇಜುಗಳಲ್ಲಿ ಕೆಡುವುದು ಹೆಚ್ಚಾಗಿ ಇಲ್ಲೇ.

ಅಲ್ಯೂಮಿನಿಯಂ ವಾಲ್ವ್‌ನ ಒಳಗೆ ಗಾಳಿ ತಡೆಯುವ ಪಿನ್ ನಿಕಲ್ ಲೇಪದ್ದೇ ಹಾಕಿ. ಬರೀ ಹಿತ್ತಾಳೆಯದು ಬಿಚ್ಚಲಾಗದಂತೆ ವಾಲ್ವ್‌ಗೆ ಕಚ್ಚಿಕೊಂಡುಬಿಡುತ್ತದೆ. ಕ್ಯಾಪ್ ಪ್ಲಾಸ್ಟಿಕ್‌ನದ್ದೇ ಇರಲಿ, ಒಳಗೆ ಸೀಲ್ ಇರುವಂಥದ್ದು.