ಪುಟ್ಟ ಬೆಕ್ಕಿನ ಮರಿ ಹಗಲೂ ರಾತ್ರಿ ಕೂಗ್ತಾನೇ ಇದೆ, ಯಾಕೆ? ಸಾಕಿರೋರು ಅನುಭವ ಹೇಳಿ

ಬಾಡಿಗೆಮನೆ:

ನಮಸ್ಕಾರ ಎಲ್ರಿಗೂ. ಮೊನ್ನೆ ಮಳೇಲಿ ನಮ್ಮನೆ ಪಾರ್ಕಿಂಗಲ್ಲಿ ಸ್ಕೂಟರ್ ಪಕ್ಕ ಒಂದು ಬೆಕ್ಕಿನ ಮರಿ ಸಿಕ್ತು. ಬಿಳಿ ಕಪ್ಪು ಕೇಸರಿ ಮೂರೂ ಬಣ್ಣ ಇದೆ, ಅಂಗೈ ಮೇಲೆ ಕೂರೋಷ್ಟೇ ಇರೋದು. ಕಣ್ಣು ಬಿಟ್ಟಿದೆ, ನೀಲಿ ಕಣ್ಣು, ನಡೆಯತ್ತೆ ಆದ್ರೆ ಓಲಾಡ್ಕೊಂಡು. ಮನೆಗೆ ತಂದಾಗಿಂದ ಒಂದೇ ಸಮ ಕೂಗು. ತಟ್ಟೇಲಿ ಪ್ಯಾಕೆಟ್ ಹಾಲು ಇಟ್ರೆ ಒಂಚೂರು ನೆಕ್ಕತ್ತೆ, ಮತ್ತೆ ಶುರು. ಎತ್ಕೊಂಡ್ರೆ ಸುಮ್ನಾಗತ್ತೆ, ಕೆಳಗಿಟ್ಟ ತಕ್ಷಣ ಮಿಯಾಂವ್. ಕೆಳಗಡೆ ಮನೆ ಓನರ್ ಇರೋದು, ಅವ್ರು ಏನ್ರಮ್ಮ ಅದು ಅಂತ ಒಂದ್ಸಲ ಕೇಳಿ ಹೋದ್ರು. ಅತ್ತೆ ಬೇರೆ ಬೆಕ್ಕು ಅಳೋದು ಮನೆಗೆ ಒಳ್ಳೇದಲ್ಲ ಅಂತಿದಾರೆ. ನೋವಿದ್ಯಾ ಹಸಿವಾ ಅಥ್ವಾ ಮರಿಗಳು ಹೀಗೇನಾ, ಒಂದೂ ಗೊತ್ತಾಗ್ತಿಲ್ಲ.

ಜಯನಗರದ ಬಾಲ್ಕನಿ:

ಮೊದ್ಲು ಅದ್ರ ವಯಸ್ಸೆಷ್ಟು ಅಂತ ಅಂದಾಜು ಮಾಡಿ, ಯಾಕಂದ್ರೆ ಎರಡು ವಾರದ ಮರಿ ಕೂಗೋ ಕಾರಣಾನೇ ಬೇರೆ, ಎರಡು ತಿಂಗಳದ್ದು ಕೂಗೋ ಕಾರಣಾನೇ ಬೇರೆ. ಮರಿಗಳು ಕಣ್ಣು ಬಿಡೋದು 7ರಿಂದ 14 ದಿನದ ಒಳಗೆ, ಅಲ್ಲಿಂದ ಆರೇಳು ವಾರದ ತನಕ ಹೆಚ್ಚುಕಮ್ಮಿ ಎಲ್ಲಾ ಮರಿಗಳ ಕಣ್ಣೂ ನೀಲಿನೇ, ಅದನ್ನ ನೋಡಿ ಜಾತಿ ಬೆಕ್ಕು ಸಿಕ್ತು ಅಂದ್ಕೋಬೇಡಿ (ನಮ್ಮನೇಲಿ ಒಬ್ರು ಅಂದ್ಕೊಂಡಿದ್ರು). ತುಟಿ ಮೆತ್ತಗೆ ಎತ್ತಿ ಹಲ್ಲು ನೋಡಿ. ಮುಂದಿನ ಸಣ್ಣ ಹಲ್ಲು ಕಾಣ್ಸೋದು 3ನೇ ವಾರದ ಹೊತ್ತಿಗೆ, ಕೋರೆಹಲ್ಲು 4ನೇ ವಾರದ ಹೊತ್ತಿಗೆ. ಅಡುಗೆಮನೆ ತಕ್ಕಡಿ ಇದ್ರೆ ತೂಕಾನೂ ಮಾಡಿ. ಹುಟ್ಟಿದಾಗ 100 ಗ್ರಾಂ ಆಸುಪಾಸು ಇರತ್ತೆ, ಸರಿಯಾಗಿ ತಿಂತಿದ್ರೆ ವಾರಕ್ಕೆ ಹತ್ರತ್ರ 100 ಗ್ರಾಂ ಏರತ್ತೆ.

ಓಲಾಡ್ತಾ ನಡೀತಿದೆ ಅಂದ್ರೆ ನನ್ ಲೆಕ್ಕದಲ್ಲಿ ಮೂರ್ನಾಲ್ಕು ವಾರ. ಈ ವಯಸ್ಸಲ್ಲಿ ಅದು ಕೂಗೋದು ಅವರಮ್ಮನ್ನ ಕರೆಯೋಕೆ. ಚಳಿ ಆದ್ರೂ ಅದೇ ಕೂಗು, ಹಸಿವಾದ್ರೂ ಅದೇ, ಒಂಟಿ ಆದ್ರೂ ಅದೇ. ಅದಕ್ಕೆ ದನಿ ಕೇಳಿ ಕಾರಣ ಹುಡುಕ್ತಾ ಕೂರೋ ಬದ್ಲು ಒಂದೊಂದೇ ಕಾರಣ ಕಳೀತಾ ಬನ್ನಿ. ಚಳಿ, ಹೊಟ್ಟೆ, ಉಚ್ಚೆ ಕಕ್ಕ, ಆಮೇಲೆ ಒಂಟಿತನ. ಇದೇ ಆರ್ಡರಲ್ಲಿ.

ಹುಬ್ಳಿಮಂದಿ:

ಅಕ್ಕಾರ, ಬಾಲ್ಕನಿ ಅವರು ಹೇಳಿದ್ದು ಖರೆ ಐತಿ, ಮೊದಲ ಅದರ ಕಿವಿ ಪಾದ ಮುಟ್ಟಿ ನೋಡ್ರಿ. ತಣ್ಣಗ ಇದ್ರ ಹಾಲು ಗೀಲು ಎಲ್ಲಾ ಆಮ್ಯಾಲೆ. ನಾಕು ವಾರದೊಳಗಿನ ಮರಿಗೆ ತನ್ನ ಮೈಬಿಸಿ ತಾನ ಕಾಯ್ಕೊಳ್ಳಾಕ ಸರಿಯಾಗಿ ಬರಂಗಿಲ್ಲ. ಅವ್ವನ ಹೊಟ್ಟಿ ಕೆಳಗ ಅಣ್ಣ ತಮ್ಮ ಎಲ್ಲಾ ಒಂದರ ಮ್ಯಾಲೊಂದು ಬಿದ್ದು ಮಲಗಿರ್ತಾವ, ಅಂಥಾದ್ರಾಗ ಒಂದನ್ನ ತಂದು ಟೈಲ್ಸ್ ಮ್ಯಾಲೆ ಬಿಟ್ರ ಒದರದ ಏನ್ ಮಾಡ್ತೈತ್ರಿ. ತಣ್ಣಗಿರೋ ಮರಿಗೆ ಹೊಟ್ಟಿಗೆ ಹಾಕಿದ್ರ ಪಚನ ಆಗಂಗಿಲ್ಲ, ಇನ್ನೂ ತ್ರಾಸ ಆಗ್ತೈತಿ.

ಒಂದು ರಟ್ಟಿನ ಡಬ್ಬಿ ತಗೋರಿ, ಒಳಗ ಹಳೇ ಧೋತರ ಇಲ್ಲಾ ಸ್ವೆಟರ್ ಹಾಸ್ರಿ, ಬಾಟ್ಲಿಗೆ ಬಿಸಿನೀರು ತುಂಬಿ ಅರಿವ್ಯಾಗ ಸುತ್ತಿ ಒಂದು ಬಾಜೂಕ ಇಡ್ರಿ. ಒಂದ ಬಾಜೂಕ ಅಷ್ಟ, ಡಬ್ಬಿ ತುಂಬಾ ಅಲ್ಲ, ಸೆಕಿ ಆದ್ರ ಅದು ಈ ಕಡೆ ಸರದು ಬರಾಕ ಜಾಗಾ ಬೇಕು. ನೀರು ಆರಿದ ಕೂಡ್ಲೆ ಬದಲಿ ಮಾಡ್ರಿ, ಆರಿದ ಬಾಟ್ಲಿ ತಿರುಗಿ ಮರಿ ಮೈಯಾಗಿನ ಬಿಸೀನ ಎಳ್ಕೊತೈತಿ. ಎತ್ಕೊಂಡ್ರ ಸುಮ್ನಾಗತೈತಿ ಅಂದ್ರಲ್ಲ, ಅದು ಪ್ರೀತಿನೂ ಇರಬಹುದು, ಬರೇ ನಿಮ್ಮ ಕೈ ಬಿಸಿನೂ ಇರಬಹುದು ನೋಡ್ರಿ.

ಅಡಿಕೆತೋಟ:

ತಾಯಿ ಬೆಕ್ಕು ಅಲ್ಲೇ ಎಲ್ಲೋ ಇದ್ಯಾ ನೋಡಿದ್ರಾ? ನಮ್ಮ ಕಡೆ ಬೆಕ್ಕು ಮರಿಗಳಿಗೆ ಏಳು ಮನೆ ತೋರ್ಸತ್ತೆ ಅಂತಾರೆ, ಲೆಕ್ಕ ಏಳೇ ಅಂತಲ್ಲ, ಆದ್ರೆ ಜಾಗ ಬದ್ಲಾಯ್ಸೋದು ಮಾತ್ರ ನಿಜ. ಒಂದೊಂದೇ ಮರೀನ ಕಚ್ಕೊಂಡು ಹೋಗ್ತಾ ಇರತ್ತೆ, ಮಳೆ ಬಂದ್ರೋ ಜನ ಬಂದ್ರೋ ಒಂದು ಅರ್ಧ ದಾರೀಲಿ ಉಳ್ಕೊಳತ್ತೆ, ಅದನ್ನ ನಾವು ಅನಾಥ ಅಂತ ಎತ್ಕೊಂಡು ಬರ್ತೀವಿ. ಮನುಷ್ಯರು ಮುಟ್ಟಿದ್ರೆ ತಾಯಿ ಸೇರ್ಸಲ್ಲ ಅನ್ನೋದನ್ನೂ ಅಷ್ಟಾಗಿ ನಂಬಬೇಡಿ, ನಮ್ಮನೆ ಬೆಕ್ಕು ಅಟ್ಟದಲ್ಲಿ ಹಾಕಿದ ಮರಿಗಳನ್ನ ನಾವೇ ಕೆಳಗಿಳಿಸಿದ್ದಕ್ಕೆ ಅದು ಬಂದು ಹಾಲು ಕೊಡ್ತು.

ಮಳೆ ಇಲ್ದಿದ್ದಾಗ ಸಿಕ್ಕಿದ ಜಾಗದಲ್ಲೇ ಡಬ್ಬದ ಸಮೇತ ಇಟ್ಟು ದೂರದಿಂದ ಕಾಯಿರಿ, ನೀವು ಪಕ್ಕದಲ್ಲೇ ನಿಂತ್ರೆ ಅದು ಬರಲ್ಲ. ಮರಿ ಕೂಗಿದ್ರೆ ಇನ್ನೂ ಒಳ್ಳೇದು, ಆ ದನಿಗೇ ತಾಯಿ ಬರೋದು. ಸುತ್ತ ಒಂಚೂರು ಹಿಟ್ಟು ಉದುರಿಸಿಟ್ರೆ ನೀವು ಒಳಗೆ ಹೋದಾಗ ಬಂದು ಹೋಗಿದ್ರೂ ಹೆಜ್ಜೆ ಗುರುತು ಸಿಗತ್ತೆ. ಬೀದಿನಾಯಿ ಇದ್ರೆ, ಮರಿ ತಣ್ಣಗಾಗಿದ್ರೆ ಈ ಪ್ರಯೋಗ ಬೇಡ.

ಕಡಲಕರೆ:

ಹಸುವಿನ ಹಾಲು ನಿಲ್ಲಿಸಿ ಮಾರಾಯ್ರೆ. ಎಲ್ಲರೂ ಮೊದಲು ಮಾಡುವುದು ಅದನ್ನೇ. ಬೆಕ್ಕಿನ ಹಾಲಲ್ಲಿ ಹಸುವಿನ ಹಾಲಿನ ಎರಡು ಪಾಲಿಗಿಂತ ಜಾಸ್ತಿ ಪ್ರೋಟೀನ್ ಉಂಟು. ಹಾಗಾಗಿ ಹೊಟ್ಟೆ ಉಬ್ಬುವಷ್ಟು ಹಸುವಿನ ಹಾಲು ಕುಡಿದರೂ ಅದಕ್ಕೆ ಸಾಕಾಗುವುದಿಲ್ಲ, ಮೇಲಿಂದ ಲ್ಯಾಕ್ಟೋಸ್, ಅಂದ್ರೆ ಹಾಲಿನ ಸಕ್ಕರೆ, ಜೀರ್ಣ ಆಗದೆ ಭೇದಿ ಬೇರೆ. ಭೇದಿ ಆದ್ರೆ ಹೊಟ್ಟೆನೋವು, ಹೊಟ್ಟೆನೋವಿಗೆ ಮತ್ತೆ ಬೊಬ್ಬೆ. ಪೆಟ್ ಶಾಪಲ್ಲಿ ಬೆಕ್ಕಿನ ಮರಿಗೆ ಅಂತಲೇ ತಾಯಿ ಹಾಲಿನ ಬದಲಿಗೆ ಕೊಡುವ ಮಿಲ್ಕ್ ರಿಪ್ಲೇಸರ್ ಪುಡಿ ಸಿಗ್ತದೆ, ರೇಟು ಸ್ವಲ್ಪ ಜಾಸ್ತಿ, ಆದ್ರೆ ಬೇಕಾಗುವುದು ಕೆಲವೇ ವಾರ. ಡಬ್ಬಿ ಮೇಲೆ ಹೇಳಿದ ಅಳತೆಗೇ ಕಲಸಿ, ತೆಳ್ಳಗೆ ಮಾಡ್ಲಿಕ್ಕೆ ಹೋಗ್ಬೇಡಿ. ಉಗುರು ಬೆಚ್ಚಗೆ ಇರ್ಲಿ.

ಇನ್ನೊಂದು ವಿಷಯ, ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬೇಡಿ. ಹಾಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗ್ತದೆ. ತಾಯಿ ಹತ್ರ ಅದು ಹೊಟ್ಟೆ ಕೆಳಗೆ ಮಾಡಿಯೇ ಕುಡಿಯುವುದು ಅಲ್ವಾ, ಹಾಗೇ ನಿಲ್ಲಿಸಿ, ತಲೆ ಸ್ವಲ್ಪ ಎತ್ತಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ಹನಿ ಹನಿ ಬಿಡಿ, ಒತ್ತಿ ತಳ್ಳಬೇಡಿ. ಕೋರೆಹಲ್ಲು ಬಂದಿದ್ರೆ ಮರಿಗಳ ವೆಟ್ ಫುಡ್ ಪೌಚ್ ತಂದು ಇದೇ ಹಾಲಲ್ಲಿ ಗಂಜಿ ಹಾಗೆ ಕಲಸಿ ಬೆರಳಿನಲ್ಲಿ ನೆಕ್ಕಿಸಿ ನೋಡಿ.

ಹಳೇಬೇರು:

ಇದೆಲ್ಲ ಸ್ವಲ್ಪ ಜಾಸ್ತಿ ಆಯ್ತು ಅನ್ಸತ್ತೆ. ನಮ್ಮಜ್ಜಿ ಮನೇಲಿ ಹಾಲು ಅನ್ನ ಮೊಸರನ್ನ ತಿಂದೇ ಎಷ್ಟೋ ಬೆಕ್ಕು ಬೆಳೆದ್ವು, ಯಾರೂ ಪೌಡರ್ ತಂದಿಲ್ಲ.

ಕಡಲಕರೆ:

ಆ ಬೆಕ್ಕುಗಳಿಗೆಲ್ಲ ತಾಯಿ ಇತ್ತು, ಎರಡು ತಿಂಗಳು ಮೊಲೆ ಕುಡಿದಿದ್ದವು. ಆಮೇಲೂ ಅಜ್ಜಿ ಕೊಟ್ಟ ಮೊಸರನ್ನದಿಂದ ಮಾತ್ರ ಬದುಕಿದ್ದಲ್ಲ, ಹಟ್ಟಿಯಲ್ಲಿ ಇಲಿ, ಗೋಡೆಯಲ್ಲಿ ಹಲ್ಲಿ, ಅಂಗಳದಲ್ಲಿ ಮಿಡತೆ. ಬೆಕ್ಕಿಗೆ ಟಾರಿನ್ ಅಂತ ಒಂದು ಅಂಶ ಮಾಂಸದಿಂದಲೇ ಸಿಗಬೇಕು, ಅದಿಲ್ಲದಿದ್ರೆ ಮುಂದೆ ಕಣ್ಣೂ ಹೃದಯವೂ ಹಾಳಾಗ್ತದೆ. ಬಾಡಿಗೆ ಮನೆ ಎರಡನೇ ಮಹಡಿಯಲ್ಲಿ ಬೆಳೆಯುವ ಮರಿಗೆ ಇಲಿ ಎಲ್ಲಿಂದ ಬರ್ಬೇಕು?

ಹಳೇಬೇರು:

ಇಲಿ ವಿಷ್ಯ ಸರಿನೇ ಬಿಡಿ. ಅಜ್ಜಿ ಮನೆ ಬೆಕ್ಕು ರಾತ್ರಿಯೆಲ್ಲ ಅಡಿಕೆ ಅಟ್ಟದಲ್ಲೇ ಇರ್ತಿತ್ತು.

ಬಾಡಿಗೆಮನೆ:

ತುಂಬಾ ಥ್ಯಾಂಕ್ಸ್. ಪಾರ್ಕಿಂಗಲ್ಲಿ ಇಟ್ಟು ಮೆಟ್ಟಿಲ ಮೇಲಿಂದ ಸಂಜೆ ತನಕ ಕಾದ್ವಿ, ತಾಯಿ ಬರ್ಲಿಲ್ಲ. ತೂಕ 340 ಗ್ರಾಂ ಬಂತು, ಮುಂದಿನ ಹಲ್ಲಿದೆ, ಕೋರೆಹಲ್ಲು ಈಗ ತುದಿ ಕಾಣ್ತಿದೆ. ಬಿಸಿನೀರಿನ ಬಾಟ್ಲಿ ಇಟ್ಟ ಮೇಲೆ ಸ್ವಲ್ಪ ಹೊತ್ತು ಮಲಗಿತ್ತು. ಪುಡಿ ಹಾಲು ಸಿರಿಂಜಲ್ಲಿ ಕುಡೀತು. ಆದ್ರೆ ಕುಡಿದು ಆದ್ಮೇಲೂ ಒಂಥರಾ ಮುಕ್ಕಿ ಮುಕ್ಕಿ ಕೂಗ್ತಿದೆ. ಮತ್ತೆ ಕುತ್ತಿಗೆ ಹತ್ರ ಕೂದಲಲ್ಲಿ ಕಪ್ಪು ಕಪ್ಪು ಪುಡಿ ಥರ ಇದೆ, ಪಾರ್ಕಿಂಗ್ ಮಣ್ಣಿರ್ಬೇಕು, ಸ್ನಾನ ಮಾಡಿಸ್ಲಾ?

ಅಡಿಕೆತೋಟ:

ಮುಕ್ಕಿ ಕೂಗ್ತಿದ್ರೆ ಉಚ್ಚೆ ಕಕ್ಕ ಕಟ್ಟಿರ್ಬೇಕು. ಮೂರು ನಾಲ್ಕು ವಾರದ ತನಕ ಮರಿಗೆ ತಾನಾಗೇ ಹೋಗೋಕೆ ಬರಲ್ಲ, ತಾಯಿ ಹಿಂದೆ ನೆಕ್ಕಿದ್ರೇನೇ ಹೋಗೋದು. ಇದು ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ, ಕುಡಿಸ್ತಾನೇ ಇರ್ತಾರೆ, ಹೊರಗೆ ಹೋಗೋ ದಾರಿ ಯಾರೂ ನೋಡಲ್ಲ. ಹತ್ತಿ ಉಂಡೆ ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿ, ಬಾಲದ ಕೆಳಗೆ ಮೆತ್ತಗೆ ಸವರ್ತಾ ಇರಿ, ಒಂದು ನಿಮಿಷದೊಳಗೆ ಉಚ್ಚೆ ಬರತ್ತೆ. ಪ್ರತಿ ಸಲ ಹಾಲು ಕುಡಿಸಿದಾಗ್ಲೂ ಮಾಡಿ. ಕಕ್ಕ ಪ್ರತಿ ಸಲ ಬರ್ಬೇಕು ಅಂತೇನಿಲ್ಲ. ನಿಮ್ದು ನಾಲ್ಕು ವಾರದ ಹತ್ರ ಇರೋದ್ರಿಂದ ಒಂದು ಅಗಲ ತಟ್ಟೇಲಿ ಮರಳು ಹಾಕಿಡಿ, ಉಂಡ ಮೇಲೆ ಅದ್ರಲ್ಲಿ ಬಿಡಿ, ಕೆರೆಯೋದು ಬೇಗ ಕಲಿಯತ್ತೆ. ಉಂಡೆ ಕಟ್ಟೋ ಥರದ ಅಂಗಡಿ ಲಿಟರ್ (ಬೆಕ್ಕು ಉಚ್ಚೆ ಕಕ್ಕ ಮಾಡೋಕೆ ಹಾಕೋ ಪುಡಿ) ಈಗ್ಲೇ ಬೇಡ, ಈ ವಯಸ್ಸಲ್ಲಿ ಬಾಯಿಗೆ ಹಾಕ್ಕೊಳತ್ತೆ.

ಕ್ಲಿನಿಕ್‌ಕೆಲಸ:

ನಾನು ಡಾಕ್ಟರಲ್ಲ, ಪೆಟ್ ಕ್ಲಿನಿಕ್ಕಲ್ಲಿ ಅಸಿಸ್ಟೆಂಟು. ಆ ಕಪ್ಪು ಪುಡಿ ಮಣ್ಣು ಅಂತ ಬಿಡಬೇಡಿ. ಒದ್ದೆ ಮಾಡಿದ ಬಿಳಿ ಟಿಶ್ಯೂ ಮೇಲೆ ಉದುರಿಸಿ ಒತ್ತಿ, ಕೆಂಪುಕಂದು ಬಣ್ಣ ಬಿಟ್ರೆ ಅದು ಚಿಗಟದ ಹಿಕ್ಕೆ, ಅಂದ್ರೆ ಮರಿಯ ರಕ್ತಾನೇ. 340 ಗ್ರಾಂ ಮರೀಲಿ ರಕ್ತ ಇರೋದೇ ಒಂಚೂರು, ಚಿಗಟ ತುಂಬಿದ್ರೆ ರಕ್ತಹೀನತೆಗೇ ಮರಿ ಹೋಗ್ಬಿಡತ್ತೆ. ವಸಡು ನೋಡಿ, ಗುಲಾಬಿ ಇದ್ರೆ ಸರಿ, ಬಿಳಚಿಕೊಂಡಿದ್ರೆ ಇವತ್ತೇ ಡಾಕ್ಟರ್ ಹತ್ರ ಹೋಗಿ. ಮನೇಲಿ ನಾಯಿದು ಚಿಗಟದ ಔಷಧಿ ಇದೆ ಅಂತ ಹಾಕ್ಲೇಬೇಡಿ, ಅದ್ರಲ್ಲಿ ಪರ್ಮೆಥ್ರಿನ್ ಇದ್ರೆ ಬೆಕ್ಕಿಗೆ ಅದು ವಿಷ. ಸದ್ಯಕ್ಕೆ ಹೇನಿನ ಬಾಚಣಿಗೆಯಲ್ಲಿ ಬಾಚಿ ಸೋಪ್ ನೀರಿಗೆ ಹಾಕಿ. ಸ್ನಾನ ಬೇಡ, ಒದ್ದೆ ಆದ್ರೆ ಮೈ ತಣ್ಣಗಾಗತ್ತೆ. ನೋವಿರ್ಬೇಕು ಅಂತ ಪ್ಯಾರಾಸಿಟಮಾಲ್ ಹನಿ ಕೂಡ ಕೊಡ್ಬೇಡಿ, ಬೆಕ್ಕಿಗೆ ಅದು ಪ್ರಾಣಾಂತಿಕ.

ಆಮೇಲೆ ಹೊಟ್ಟೆ ಗುಂಡಗೆ ಉಬ್ಬಿ ಬೆನ್ನುಮೂಳೆ ಕೈಗೆ ಸಿಗ್ತಿದ್ರೆ ಜಂತುಹುಳ ಇರೋ ಚಾನ್ಸ್ ಜಾಸ್ತಿ. ತಾಯಿ ಹಾಲಿನಿಂದಾನೇ ಬರತ್ತೆ ಅದು. ಹುಳದ ಔಷಧಿ ತೂಕ ನೋಡಿ ಕೊಡೋದು, ಅಂದಾಜಿಗೆ ಬೇಡ.

ಒಂದು ಮಾತು, ಜೋರಾಗಿ ಕೂಗೋ ಮರಿ ಬಂದ್ರೆ ನಮ್ಗೆ ಅಷ್ಟು ಭಯ ಆಗಲ್ಲ. ಇಷ್ಟೊತ್ತು ಕೂಗ್ತಿದ್ದದ್ದು ಇದ್ದಕ್ಕಿದ್ದಂಗೆ ಸುಮ್ನಾಗಿ, ಬಟ್ಟೆ ಥರ ಜೋತುಬಿದ್ದು, ಹಾಲು ಬೇಡ ಅಂತಿದೆ ಅಂದ್ರೆ ಆಗ ಓಡಿ ಬರ್ಬೇಕು. ದಾರೀಲಿ ಬೆಚ್ಚಗಿಟ್ಕೊಂಡು ವಸಡಿಗೆ ಒಂದೆರಡು ಹನಿ ಸಕ್ಕರೆ ನೀರು ಸವರಿ. ಕೂಗಿ ದನಿ ಕೀರಲಾಗಿ ಜೊತೆಗೆ ಸೀನು, ಕಣ್ಣಲ್ಲಿ ಪಿಸುರು ಇದ್ರೆ ನೆಗಡಿ ಜಾಡ್ಯ, ಮೂಗು ಕಟ್ಟಿದ್ರೆ ವಾಸನೆ ಸಿಗಲ್ಲ, ವಾಸನೆ ಸಿಗದಿದ್ರೆ ಬೆಕ್ಕು ತಿನ್ನಲ್ಲ. ದುಡ್ಡಿನ ಯೋಚನೆ ಇದ್ರೆ ಸರ್ಕಾರಿ ಪಶು ಆಸ್ಪತ್ರೇಲೂ ನೋಡ್ತಾರೆ, ಬೆಂಗಳೂರಾದ್ರೆ ಹೆಬ್ಬಾಳದ ವೆಟರ್ನರಿ ಕಾಲೇಜು ಇದೆ.

ರಾತ್ರಿಪಾಳಿ:

ಇದೆಲ್ಲ ಸರಿ ಆದ್ಮೇಲೂ ರಾತ್ರಿ ಕೂಗತ್ತೆ ನೋಡಿ, ಅದು ಒಂಟಿತನ. ನಂಗೆ ಅನುಭವ ಇರೋದು ಇದೊಂದರಲ್ಲೇ. ಕೂಗಿ ಕೂಗಿ ತಾನೇ ಸುಮ್ನಾಗ್ಲಿ ಅಂತ ಬಾತ್‌ರೂಮಲ್ಲಿ ಹಾಕಿ ಬಾಗ್ಲು ಹಾಕೋ ಐಡಿಯಾ ಯಾರಾದ್ರೂ ಕೊಟ್ಟೇ ಕೊಡ್ತಾರೆ, ಎರಡು ಮೂರು ತಿಂಗಳ ಮರಿಯಾದ್ರೆ ಅದ್ರ ಬಗ್ಗೆ ವಾದ ಮಾಡಬಹುದೇನೋ, ನಾಲ್ಕು ವಾರದ್ದಕ್ಕೆ ಅದು ಬರೀ ಹಿಂಸೆ, ಮತ್ತೆ ಎರಡರಿಂದ ಏಳು ವಾರದ ಒಳಗೇ ಅದು ಮನುಷ್ಯರ ಜೊತೆ ಹೊಂದ್ಕೊಳ್ಳೋದು ಕಲಿಯೋದು, ಆಗ ಹೆದ್ರಿಸಿದ್ರೆ ಮುಂದೆ ಕೈಗೇ ಸಿಗಲ್ಲ. ಡಬ್ಬಾನ ನಿಮ್ಮ ಮಂಚದ ಪಕ್ಕಾನೇ ಇಡಿ. ನೀವು ಉಟ್ಟು ಬಿಟ್ಟ ಕಾಟನ್ ನೈಟಿನೋ ಟೀಶರ್ಟೋ ಒಗೀದೆ ಹಾಗೇ ಒಳಗೆ ಹಾಕಿ, ವಾಸನೆಗೇ ಅರ್ಧ ಸಮಾಧಾನ. ಟಿಕ್ ಟಿಕ್ ಅನ್ನೋ ಹಳೇ ಟೈಂಪೀಸ್ ಇದ್ರೆ ಬಟ್ಟೇಲಿ ಸುತ್ತಿ ಪಕ್ಕಕ್ಕಿಡಿ. ಒಂದು ಮೆತ್ತನೆ ಗೊಂಬೆ ಇದ್ರೆ ಅದಕ್ಕೆ ಒರಗಿ ಮಲಗತ್ತೆ. ಮಲಗೋ ಮುಂಚೆ ಒಂದು ಹತ್ತು ನಿಮಿಷ ಟ್ವೈನ್ ದಾರ ಎಳೆದು ಆಡಿಸಿ (ಆಟ ಆದ್ಮೇಲೆ ದಾರ ಎತ್ತಿಡಿ, ನುಂಗಿದ್ರೆ ಕರುಳಿಗೆ ಸುತ್ಕೊಳತ್ತೆ), ಆಮೇಲೆ ಹಾಲು, ಆಮೇಲೆ ದೀಪ ಆಫ್.

ಅದೇ ತಾಯಿಯ ಇನ್ನೊಂದು ಮರಿ ಸಿಕ್ರೆ ಎರಡೂ ಸಾಕಿ. ಒಂದಕ್ಕಿಂತ ಎರಡು ಸುಲಭ, ಕೇಳೋಕೆ ಉಲ್ಟಾ ಅನ್ಸತ್ತೆ ಆದ್ರೆ ನಿಜ.

ಹುಬ್ಳಿಮಂದಿ:

ಅತ್ತಿಯವರಿಗೆ ಒಂದು ಹೇಳ್ರಿ. ರಾತ್ರಿ ಕೂಸು ಅತ್ತಂಗ ಅಳೋದು ಕೇಳಿ ಹಿರ್ಯಾರು ಅಪಶಕುನ ಅಂತಿದ್ರಲ್ಲ, ಅದು ದೊಡ್ಡ ಬೆಕ್ಕು ಬೆದಿಗೆ ಬಂದಾಗಿನ ದನಿ, ಇಲ್ಲಾ ಗಂಡಬೆಕ್ಕು ಜಗಳಾಡೋ ದನಿ. ಇದು ಹಸದ ಮರಿ ದನಿ. ಹಸದವರು ಅತ್ರ ಅಪಶಕುನ ಹೆಂಗಾಗತೈತ್ರಿ. ಹಾಲು ಕುಡಸೋ ಕೆಲಸ ಅತ್ತಿಯವರ ಕೈಗೇ ಕೊಟ್ಟು ನೋಡ್ರಿ, ಸುಮ್ನ.

ಬಾಡಿಗೆಮನೆ:

ಹ್ಞೂಂ ಟಿಶ್ಯೂ ಕೆಂಪಾಯ್ತು, ಚಿಗಟಾನೇ. ಡಾಕ್ಟರ್ ಹತ್ರ ಹೋಗ್ಬಂದ್ವಿ, ವಸಡು ಸ್ವಲ್ಪ ಬಿಳಿಚಿದೆ ಆದ್ರೆ ಪರ್ವಾಗಿಲ್ಲ ಅಂದ್ರು, ಅಲ್ಲೇ ಬಾಚಿ ತೆಗೆದು ಹುಳದ ಔಷಧಿ ಹನಿ ಕೊಟ್ರು, ಎರಡು ವಾರ ಬಿಟ್ಟು ಮತ್ತೆ ಬನ್ನಿ ಅಂದಿದಾರೆ. ಹತ್ತಿ ಟ್ರಿಕ್ ಮಾಡಿದ ತಕ್ಷಣ ಉಚ್ಚೆ ಹೋಯ್ತು, ಮುಕ್ಕೋದು ನಿಂತೇ ಹೋಯ್ತು ನೋಡಿ. ಈಗ ಕೂಗೋದು ಹಾಲಿನ ಟೈಮಿಗೆ, ಮತ್ತೆ ನಾನು ರೂಮಿಂದ ಎದ್ದು ಹೋದಾಗ. ಅತ್ತೆ ಸೀರೆ ಸೆರಗಲ್ಲಿ ಮಲಗತ್ತೆ, ಅವ್ರು ಏನೂ ಅಂತಿಲ್ಲ ಈಗ. ಗಂಡೋ ಹೆಣ್ಣೋ ಡಾಕ್ಟರನ್ನ ಕೇಳೋದೇ ಮರ್ತೆ.

ಜಯನಗರದ ಬಾಲ್ಕನಿ:

ಮೂರು ಬಣ್ಣ ಇದ್ಯಲ್ಲ, ಹೆಣ್ಣೇ. ಕೂದಲು ಕಪ್ಪೋ ಕೇಸರಿಯೋ ಅನ್ನೋದು ಎಕ್ಸ್ ಕ್ರೋಮೋಸೋಮ್ (ಹೆಣ್ಣಿಗೆ ಎರಡು, ಗಂಡಿಗೆ ಒಂದೇ ಇರೋ ವರ್ಣತಂತು) ಮೇಲೆ ನಿರ್ಧಾರ ಆಗೋದು, ಎರಡೂ ಒಟ್ಟಿಗೆ ಬರ್ಬೇಕಾದ್ರೆ ಎರಡು ಎಕ್ಸ್ ಬೇಕು, ಗಂಡಲ್ಲಿ ತೀರಾ ಅಪರೂಪ. 6ರಿಂದ 8 ವಾರಕ್ಕೆ ಮೊದಲ ಲಸಿಕೆ, ಮೂರು ತಿಂಗಳ ಮೇಲೆ ರೇಬೀಸ್‌ದು. ನಾಲ್ಕೈದು ತಿಂಗಳಾಗ್ತಿದ್ದಂಗೇ ಮರಿ ಆಗದ ಹಾಗೆ ಮಾಡೋ ಆಪರೇಷನ್ ಬಗ್ಗೆ ಡಾಕ್ಟರನ್ನ ಕೇಳಿಟ್ಕೊಳ್ಳಿ, ಬೆದಿಗೆ ಬಂದ್ರೆ ದಿನಗಟ್ಲೆ ಕೂಗತ್ತೆ, ಆಗ ಓನರ್ ಒಂದ್ಸಲ ಕೇಳಿ ಹೋಗೋದಲ್ಲ, ಮೇಲೇ ಬಂದ್ಬಿಡ್ತಾರೆ.